ಒಂದು ಮರ, ಹಲವು ಕ್ಯಾಮೆರಾ
ಪೈನ್ ಮರಗಳ ಛಾಯಾಗ್ರಹಣದಲ್ಲಿ ಹಂಚಿಕೆಯ ಪಾತ್ರ

ಛಾಯಾಗ್ರಹಣ ಕಲೆ 1839ರಲ್ಲಿ ಲೋಕಕ್ಕೆ ಪ್ರಕಟವಾಗುವ ವೇಳೆಗೆ, ಕ್ಯಾಲಿಫೋರ್ನಿಯಾದ ವೈಟ್ ಮೌಂಟನ್ಸ್ ಬೆಟ್ಟಸಾಲಿನ ಅತ್ಯಂತ ಹಿರಿಯ ಪೈನ್ ಮರ ತನ್ನ ಬಾಳಿನ ನಾಲ್ಕೂವರೆ ಸಾವಿರ ವರ್ಷಗಳನ್ನು ದಾಟಿತ್ತು. ಮರದ ಆಯುಷ್ಯಕ್ಕೂ ಅದರೆದುರು ಕ್ಯಾಮೆರಾ ಹಿಡಿದು ನಿಲ್ಲುವ ಮನುಷ್ಯನ ಆಯುಷ್ಯಕ್ಕೂ ಇರುವ ಈ ಅಂತರದಿಂದಾಗಿ, ಪೈನ್ ಮರವೊಂದನ್ನು ಅದರ ಬಾಳುವೆಯ ಉದ್ದಕ್ಕೂ ಚಿತ್ರಿಸುವ ಕೆಲಸ ಯಾವ ಒಬ್ಬ ಛಾಯಾಗ್ರಾಹಕನಿಂದಲೂ ಆಗತಕ್ಕದ್ದಲ್ಲ. ಒಬ್ಬನು ತೆಗೆದದ್ದನ್ನು ಮತ್ತೊಬ್ಬನು ನೋಡಿ, ಅದರ ಪಕ್ಕದಲ್ಲಿ ತನ್ನ ಚಿತ್ರವನ್ನಿಟ್ಟು, ಮುಂದಿನವರ ಕೈಗೆ ಎರಡನ್ನೂ ದಾಟಿಸಿದಾಗ ಮಾತ್ರ ಆ ಕೆಲಸ ಮುಂದುವರಿಯುತ್ತದೆ. ಆದ್ದರಿಂದ ಹವ್ಯಾಸಿಗಳು ತಮ್ಮತಮ್ಮಲ್ಲಿ ಚಿತ್ರಗಳನ್ನು ಹಂಚಿಕೊಳ್ಳುವುದನ್ನು ಛಾಯಾಗ್ರಹಣದ ನಂತರದ ವಿನೋದವೆಂದು ತಿಳಿಯದೆ, ಛಾಯಾಗ್ರಹಣದ ಅವಿಭಾಜ್ಯ ಅಂಗವೆಂದೇ ಪರಿಗಣಿಸಬೇಕಾಗುತ್ತದೆ.

ಸೆಂಟಿನೆಲ್ ಡೋಮ್‌ನ ಪೈನ್

ಈ ಮಾತಿಗೆ ಒಳ್ಳೆಯ ನಿದರ್ಶನ ಅಮೆರಿಕದ ಯೊಸೆಮಿಟಿ ರಾಷ್ಟ್ರೀಯ ಉದ್ಯಾನದಲ್ಲಿ ದೊರೆಯುತ್ತದೆ. ಸಮುದ್ರಮಟ್ಟದಿಂದ ಸುಮಾರು 2,470 ಮೀಟರ್ ಎತ್ತರದ ಸೆಂಟಿನೆಲ್ ಡೋಮ್ ಎಂಬ ಬೋಳು ಕಲ್ಲುಬೆಟ್ಟದ ನೆತ್ತಿಯಲ್ಲಿ, ಬಂಡೆಯ ಬಿರುಕಿನೊಳಗೆ ಬೇರಿಳಿಸಿಕೊಂಡು, ಗಾಳಿಯ ಹೊಡೆತಕ್ಕೆ ಕೊಂಬೆಗಳನ್ನೆಲ್ಲ ಒಂದೇ ಕಡೆಗೆ ಚಾಚಿಕೊಂಡಿದ್ದ ಜೆಫ್ರಿ ಪೈನ್ ಮರವೊಂದಿತ್ತು. ಕಾರ್ಲ್‌ಟನ್ ವಾಟ್ಕಿನ್ಸ್ ಅದರ ಚಿತ್ರವನ್ನು 1867ರಷ್ಟು ಹಿಂದೆಯೇ ತೆಗೆದಿದ್ದರು. ಆ ಕಾಲದಲ್ಲಿ ದ್ರವ ಲೇಪಿಸಿದ ಗಾಜಿನ ಫಲಕ ಒದ್ದೆಯಾಗಿರುವಾಗಲೇ ಅದರ ಮೇಲೆ ಬೆಳಕು ಬೀಳಿಸಿ, ಅಲ್ಲಿಯೇ ಸಂಸ್ಕರಿಸಬೇಕಾಗಿದ್ದುದರಿಂದ ಕತ್ತಲೆ ಕೋಣೆಯ ಸಾಮಗ್ರಿಯನ್ನೂ ಬೆಟ್ಟದ ಮೇಲಕ್ಕೆ ಹೊರಿಸಬೇಕಾಗಿತ್ತು. ಮುಂದೆ 1940ರಲ್ಲಿ ಆನ್ಸೆಲ್ ಆಡಮ್ಸ್ ತೆಗೆದ ಕಪ್ಪು ಬಿಳುಪು ಚಿತ್ರ ಈ ಮರವನ್ನು ಜಗತ್ತಿನಾದ್ಯಂತ ಪರಿಚಯಿಸಿತು. 1976-77ರ ಭೀಕರ ಬರದಲ್ಲಿ ಮರ ಸತ್ತಿತು, ಸತ್ತ ಮೇಲೂ ಕಾಲು ಶತಮಾನ ಹಾಗೆಯೇ ನಿಂತು, 2003ರ ಆಗಸ್ಟ್‌ನಲ್ಲಿ ನೆಲಕ್ಕುರುಳಿತು.

ವಾಟ್ಕಿನ್ಸ್ ಅವರ ಚಿತ್ರವಾಗಲಿ ಆಡಮ್ಸ್ ಅವರ ಚಿತ್ರವಾಗಲಿ ಒಂಟಿಯಾಗಿ ಒಂದು ಕ್ಷಣವನ್ನಷ್ಟೇ ಹೇಳಬಲ್ಲದು. ಅವೆರಡರ ನಡುವೆಯೂ ಅವುಗಳ ನಂತರವೂ ಅಲ್ಲಿಗೆ ಹತ್ತಿದ ಹೆಸರಿಲ್ಲದ ಅಸಂಖ್ಯ ಹವ್ಯಾಸಿಗಳ ಚಿತ್ರಗಳನ್ನು ಕಾಲಾನುಕ್ರಮದಲ್ಲಿ ಜೋಡಿಸಿದರೆ, ಹಸಿರು ತೆಳುವಾದದ್ದು, ಸೂಜಿಗಳು ಉದುರಿದ್ದು, ಕೊಂಬೆಗಳು ಒಂದೊಂದಾಗಿ ಮುರಿದದ್ದು ಕಣ್ಣಿಗೆ ಕಾಣುತ್ತದೆ. ಹಳೆಯ ಚಿತ್ರ ತೆಗೆದ ಜಾಗದಲ್ಲೇ ನಿಂತು, ಅದೇ ಋತುವಿನಲ್ಲಿ, ಸಾಧ್ಯವಾದರೆ ಅದೇ ಹೊತ್ತಿನಲ್ಲಿ ಹೊಸ ಚಿತ್ರ ತೆಗೆಯುವ ಇಂಥ ಕ್ರಮಕ್ಕೆ ಪುನರ್‌ಛಾಯಾಗ್ರಹಣ ಎನ್ನುತ್ತಾರೆ. ಹತ್ತಿರದ ಬಂಡೆ ಮತ್ತು ದೂರದ ಶಿಖರ ಹಳೆಯ ಚಿತ್ರದಲ್ಲಿ ಒಂದಕ್ಕೊಂದು ಹೇಗೆ ಹೊಂದಿಕೊಂಡಿವೆಯೋ ಹಾಗೆಯೇ ಕಾಣುವವರೆಗೆ ಹಿಂದೆ ಮುಂದೆ, ಎಡಕ್ಕೆ ಬಲಕ್ಕೆ ಸರಿಯುತ್ತ ಆ ಜಾಗವನ್ನು ಪತ್ತೆಮಾಡಲಾಗುತ್ತದೆ. ಮಾರ್ಕ್ ಕ್ಲೆಟ್ ಮತ್ತು ಬೈರನ್ ವುಲ್ಫ್ ಯೊಸೆಮಿಟಿಯಲ್ಲಿ ಪೂರ್ವಸೂರಿಗಳ ದೃಶ್ಯಗಳನ್ನು ಈ ರೀತಿ ಮರಳಿ ಚಿತ್ರಿಸಿ, ಲೇಖಕಿ ರೆಬೆಕಾ ಸೊಲ್ನಿಟ್ ಅವರೊಡನೆ 2005ರಲ್ಲಿ ಪುಸ್ತಕವಾಗಿ ಹೊರತಂದರು.

ಸೂಜಿಗಳ ಎಣಿಕೆ, ಕಾಯಿಯ ಮುಳ್ಳು

ಚಿತ್ರ ಇತರರಿಗೆ ಉಪಯೋಗವಾಗಬೇಕಾದರೆ ಅದರಲ್ಲಿರುವುದು ಯಾವ ಮರವೆಂದು ತಿಳಿಯುವಂತಿರಬೇಕು. ಪೈನ್ ಕುಲದ ಮರಗಳಲ್ಲಿ ಸೂಜಿಯಂಥ ಎಲೆಗಳು ಬುಡದಲ್ಲಿ ಒಟ್ಟುಗೂಡಿ ಸಣ್ಣ ಕಂತೆಗಳಾಗಿ ಹುಟ್ಟುತ್ತವೆ, ಮತ್ತು ಒಂದು ಕಂತೆಯಲ್ಲಿರುವ ಸೂಜಿಗಳ ಸಂಖ್ಯೆ ಪ್ರಭೇದವನ್ನು ಗುರುತಿಸುವ ಮೊದಲ ಸುಳಿವಾಗುತ್ತದೆ: ಯೂರೋಪಿನ ಸ್ಕಾಟ್ಸ್ ಪೈನ್‌ಗೆ ಎರಡು, ಹಿಮಾಲಯದ ಚೀರ್ ಪೈನ್‌ಗೆ ಮೂರು, ಅದಕ್ಕಿಂತ ಎತ್ತರದಲ್ಲಿ ಬೆಳೆಯುವ ನೀಲಿ ಪೈನ್‌ಗೆ ಐದು. ಜೆಫ್ರಿ ಪೈನ್‌ಗೂ ಅದರ ಸಮೀಪದ ಬಂಧುವಾದ ಪಾಂಡರೋಸಾ ಪೈನ್‌ಗೂ ಸಾಮಾನ್ಯವಾಗಿ ಮೂರೇ ಸೂಜಿಗಳಿರುವುದರಿಂದ, ಅಲ್ಲಿ ಬೀಜ ಹೊರುವ ಮರದಂಥ ಕಾಯಿಯನ್ನು, ಅಂದರೆ ಸಸ್ಯಶಾಸ್ತ್ರದಲ್ಲಿ ಶಂಕು ಎಂದು ಕರೆಯುವ ಭಾಗವನ್ನು, ನೋಡಬೇಕು. ಜೆಫ್ರಿ ಪೈನ್ ಶಂಕುವಿನ ಹುರುಪೆಗಳ ತುದಿಯ ಮುಳ್ಳು ಒಳಕ್ಕೆ ಬಾಗಿರುವುದರಿಂದ ಅಂಗೈಯಲ್ಲಿ ಹಿಡಿದರೂ ಚುಚ್ಚುವುದಿಲ್ಲ, ಪಾಂಡರೋಸಾದ ಮುಳ್ಳು ಹೊರಕ್ಕೆ ಚಾಚಿ ಚುಚ್ಚುತ್ತದೆ. ಜೆಫ್ರಿ ಪೈನ್ ತೊಗಟೆಗೆ ವೆನಿಲಾದಂಥ ಪರಿಮಳವಿದೆ. ಯಾವ ಮಸೂರಕ್ಕೂ ದಕ್ಕದ ಈ ಲಕ್ಷಣವನ್ನು ಚಿತ್ರದ ಅಡಿಬರಹವೇ ತಿಳಿಸಬೇಕು.

ಕರ್ನಾಟಕದ ಹವ್ಯಾಸಿಗಳಿಗೆ ಈ ವಿವೇಚನೆ ಇನ್ನಷ್ಟು ಅಗತ್ಯ. ರಾಜ್ಯದ ಕಾಡುಗಳಲ್ಲಿ ಪೈನ್ ಸಹಜವಾಗಿ ಬೆಳೆಯುವುದಿಲ್ಲ. ಕನ್ನಡಿಗರು ಹೆಚ್ಚಾಗಿ ಚಿತ್ರಿಸುವ ಊಟಿ ಮತ್ತು ಕೊಡೈಕೆನಾಲ್‌ನ ಪೈನ್ ಕಾಡುಗಳು ನೆಟ್ಟು ಬೆಳೆಸಿದ ತೋಪುಗಳು. ಕರಾವಳಿಯಲ್ಲಿ ಸಾಲುಸಾಲಾಗಿ ಕಾಣುವ ಗಾಳಿಮರವನ್ನು ದೂರದಿಂದ ಪೈನ್ ಎಂದು ಭ್ರಮಿಸುವುದುಂಟಾದರೂ, ಅದರ ಸೂಜಿಗಳಂತೆ ತೋರುವುವು ಗೆಣ್ಣುಗೆಣ್ಣಾದ ಹಸಿರು ಕಿರುಕಡ್ಡಿಗಳು, ಮತ್ತು ಅದು ಹೂ ಬಿಡುವ ಸಸ್ಯವರ್ಗಕ್ಕೆ ಸೇರಿದ ಮರ. ಹಾಗಾಗಿ ಇಡೀ ಮರದ ಒಂದು ಚಿತ್ರದ ಜೊತೆಗೆ ಸೂಜಿಯ ಕಂತೆ, ಶಂಕು ಮತ್ತು ತೊಗಟೆಯ ಸಮೀಪ ಚಿತ್ರಗಳನ್ನೂ ತೆಗೆದು ಒಟ್ಟಿಗೆ ಹಂಚಿದರೆ, ಹೆಸರು ತಪ್ಪಾಗಿದ್ದರೂ ಬಲ್ಲವರು ತಿದ್ದಲು ಆಧಾರ ಉಳಿಯುತ್ತದೆ.

ಕಡು ಹಸಿರಿನ ಸವಾಲು

ತಾಂತ್ರಿಕವಾಗಿ ಪೈನ್ ಸುಲಭದ ವಸ್ತುವಲ್ಲ. ಅದರ ಕಡು ಹಸಿರು ಸೂಜಿಗಳು ಅಲ್ಪ ಬೆಳಕನ್ನಷ್ಟೇ ಹಿಂದಿರುಗಿಸುತ್ತವೆ, ಹಿನ್ನೆಲೆಯ ಹಿಮವೋ ಬಿಳಿ ಆಕಾಶವೋ ಬಹಳ ಬೆಳಕನ್ನು ಹಿಂದಿರುಗಿಸುತ್ತದೆ. ಕ್ಯಾಮೆರಾದ ಬೆಳಕಿನ ಮಾಪಕ ಎರಡನ್ನೂ ಸರಾಸರಿ ಬೂದು ಬಣ್ಣಕ್ಕೆ ತರಲು ಹೋಗಿ, ಹಿಮವನ್ನು ಮಂಕಾಗಿಸುತ್ತದೆ, ಇಲ್ಲವೇ ಮರವನ್ನು ಕಪ್ಪು ನೆರಳಾಗಿಸುತ್ತದೆ. ಆಡಮ್ಸ್ ಮತ್ತು ಫ್ರೆಡ್ ಆರ್ಚರ್ 1940ರ ಆಸುಪಾಸಿನಲ್ಲಿ ರೂಪಿಸಿದ ವಲಯ ಪದ್ಧತಿ ಇಂಥ ತೊಡಕಿಗೇ ಉತ್ತರವಾಗಿತ್ತು: ಅಪ್ಪಟ ಕಪ್ಪಿನಿಂದ ಅಪ್ಪಟ ಬಿಳುಪಿನವರೆಗಿನ ಛಾಯೆಗಳನ್ನು ಹನ್ನೊಂದು ವಲಯಗಳಾಗಿ ವಿಂಗಡಿಸಿ, ದೃಶ್ಯದ ಯಾವ ಭಾಗ ಯಾವ ವಲಯದಲ್ಲಿ ಬೀಳಬೇಕೆಂದು ಚಿತ್ರ ತೆಗೆಯುವ ಮೊದಲೇ ನಿರ್ಧರಿಸುವುದು ಅದರ ತಿರುಳು. ಡಿಜಿಟಲ್ ಕ್ಯಾಮೆರಾ ಬಳಸುವವರಿಗೂ ಈ ಆಲೋಚನಾಕ್ರಮ ಅಷ್ಟೇ ಪ್ರಯೋಜನಕಾರಿ. ಸೂಜಿಗಳ ಮೇಣದ ಹೊಳಪು ಬಣ್ಣವನ್ನು ಮುಚ್ಚಿದಾಗ ಪೋಲರೈಸರ್ ಎಂಬ, ಪ್ರತಿಫಲಿತ ಬೆಳಕನ್ನು ತಡೆಯುವ ಶೋಧಕ ನೆರವಾಗುತ್ತದೆ. ಬೆಳಗಿನ ಅಥವಾ ಸಂಜೆಯ ಎದುರು ಬೆಳಕಿನಲ್ಲಿ ಸೂಜಿಗಳ ಅಂಚು ಬೆಳಗಿ ಕಂತೆಗಳು ಬಿಡಿಬಿಡಿಯಾಗಿ ಕಾಣುತ್ತವೆ. ಕ್ಯಾಮೆರಾವನ್ನು ಮೇಲಕ್ಕೆ ಓರೆ ಮಾಡಿದರೆ ನೆಟ್ಟಗಿನ ಕಾಂಡಗಳು ತುದಿಯಲ್ಲಿ ಕೂಡುವಂತೆ ತೋರುವುದರಿಂದ, ಎದುರಿನ ಇಳಿಜಾರಿನಲ್ಲಿ ಮರದ ನಡುಮಟ್ಟಕ್ಕೆ ನಿಂತು ತೆಗೆಯುವುದು ಮೇಲು.

ಕೈಯಿಂದ ಕೈಗೆ

ಆಡಮ್ಸ್ ಕೂಡ ಹವ್ಯಾಸಿಯಾಗಿಯೇ ಆರಂಭಿಸಿದವರು. 1916ರಲ್ಲಿ, ಹದಿನಾಲ್ಕರ ಹರೆಯದಲ್ಲಿ, ಪೆಟ್ಟಿಗೆ ಕ್ಯಾಮೆರಾ ಹಿಡಿದು ಯೊಸೆಮಿಟಿಗೆ ಹೋದ ಅವರ ಚಿತ್ರಗಳನ್ನು ಮೊದಲು ಪ್ರಕಟಿಸಿದ್ದು, ಬೆಟ್ಟ ಹತ್ತುವವರೂ ಪ್ರಕೃತಿಪ್ರಿಯರೂ ಕೂಡಿದ್ದ ಸಿಯೆರಾ ಕ್ಲಬ್‌ನ ಪತ್ರಿಕೆ. 1932ರಲ್ಲಿ ಅವರೂ ಎಡ್ವರ್ಡ್ ವೆಸ್ಟನ್, ಇಮೋಜೆನ್ ಕನಿಂಗ್‌ಹ್ಯಾಮ್ ಮುಂತಾದವರೂ ಸೇರಿ ಎಫ್/64 ಎಂಬ ಬಳಗ ಕಟ್ಟಿದರು. ಹತ್ತಿರದ ತೊಗಟೆಯಿಂದ ದೂರದ ಶಿಖರದವರೆಗೆ ಎಲ್ಲವನ್ನೂ ಸ್ಪಷ್ಟವಾಗಿಸುವ, ಮಸೂರದ ಅತಿ ಕಿರಿದಾದ ರಂಧ್ರದ ಅಳತೆಯೇ ಆ ಹೆಸರು. ಹಂಚಿಕೆ ಕಲೆಯ ಎಲ್ಲೆ ದಾಟಿ ನಾಡಿನ ನೀತಿಯನ್ನೂ ಮುಟ್ಟಿತು: ಸಿಯೆರಾ ನೆವಾಡ ಪರ್ವತಗಳ ಕುರಿತು ಆಡಮ್ಸ್ 1938ರಲ್ಲಿ ಹೊರತಂದ ಚಿತ್ರಸಂಪುಟ ಅಧ್ಯಕ್ಷ ರೂಸ್‌ವೆಲ್ಟ್ ಅವರ ಕೈ ಸೇರಿತು, ಮತ್ತು 1940ರಲ್ಲಿ ಕಿಂಗ್ಸ್ ಕ್ಯಾನ್ಯನ್ ರಾಷ್ಟ್ರೀಯ ಉದ್ಯಾನ ಸ್ಥಾಪನೆಯಾಗಲು ಅದು ಬಲ ತುಂಬಿತು. ಬೆಂಗಳೂರಿನಲ್ಲಿಯೂ ಈ ಬಗೆಯ ಕೂಡುಬಾಳಿನ ಪರಂಪರೆ ಗಟ್ಟಿಯಾಗಿದೆ. 1971ರಲ್ಲಿ ಆರಂಭವಾದ ಯೂತ್ ಫೋಟೋಗ್ರಾಫಿಕ್ ಸೊಸೈಟಿಯಂಥ ಸಂಘಗಳಲ್ಲಿ ಸದಸ್ಯರು ಪರಸ್ಪರರ ಚಿತ್ರಗಳನ್ನು ಎದುರಿಗಿಟ್ಟುಕೊಂಡು ಗುಣದೋಷ ಚರ್ಚಿಸಿಯೇ ಬೆಳೆದಿದ್ದಾರೆ.

ಹೇಳಬಾರದ ವಿಳಾಸ

ಹಂಚಿಕೆಗೆ ಒಂದು ಮಿತಿಯೂ ಇದೆ, ಅದನ್ನು ಕಲಿಸುವುದು ವೈಟ್ ಮೌಂಟನ್ಸ್‌ನ ಬ್ರಿಸಲ್‌ಕೋನ್ ಪೈನ್. ಸುಮಾರು ಮೂರು ಸಾವಿರ ಮೀಟರ್ ಎತ್ತರದಲ್ಲಿ, ಬೇರೆ ಗಿಡಗಳು ಒಲ್ಲದ ಡೊಲೊಮೈಟ್ ಎಂಬ ಬಿಳಿಚು ಕಲ್ಲಿನ ನೆಲದಲ್ಲಿ ಇವು ಬೆಳೆಯುತ್ತವೆ. ಕಾಂಡದ ಬಹುಭಾಗ ಸತ್ತರೂ ತೊಗಟೆಯ ಕಿರಿದಾದ ಒಂದು ಪಟ್ಟಿ ಜೀವ ಹಿಡಿದುಕೊಂಡು ಮೇಲಿನ ಕೊಂಬೆಗಳನ್ನು ಪೋಷಿಸುತ್ತದೆ. ಮರದ ಉಂಗುರಗಳನ್ನೆಣಿಸುವ ವಿದ್ವಾಂಸ ಎಡ್ಮಂಡ್ ಶುಲ್‌ಮನ್ 1957ರಲ್ಲಿ ಇಲ್ಲಿ ಗುರುತಿಸಿದ ಮೆಥೂಸಲಾ ಎಂಬ ಮರಕ್ಕೆ 4,800 ವರ್ಷ ಮೀರಿದ ವಯಸ್ಸು. ಅವರ ಬರಹ 1958ರ ಮಾರ್ಚ್‌ನಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆಯಲ್ಲಿ ಚಿತ್ರಗಳೊಡನೆ ಬಂದಮೇಲೆ ಜನ ಆ ಬೆಟ್ಟದತ್ತ ಮುಖಮಾಡಿದರು. ನೆನಪಿಗೆಂದು ಚೂರು ಮರ ಒಯ್ಯುವವರಿಂದಲೂ ಬೇರುಗಳ ಮೇಲಿನ ತುಳಿತದಿಂದಲೂ ಮರವನ್ನು ಕಾಪಾಡಲು ಅರಣ್ಯ ಇಲಾಖೆ ಮೆಥೂಸಲಾಗೆ ಯಾವ ಫಲಕವನ್ನೂ ಉಳಿಸದೆ, ಅದರ ನೆಲೆಯನ್ನು ಹೇಳದೆ ಇಟ್ಟಿತು.

ಇಂದು ಮೊಬೈಲ್ ಕ್ಯಾಮೆರಾಗಳು ಚಿತ್ರದ ಕಡತದೊಳಗೆ ಅಕ್ಷಾಂಶ ರೇಖಾಂಶಗಳನ್ನು ತಾವಾಗಿಯೇ ಬರೆದಿಡಬಲ್ಲವಾದ್ದರಿಂದ, ಇಲಾಖೆ ಮುಚ್ಚಿಟ್ಟ ವಿಳಾಸವನ್ನು ಹವ್ಯಾಸಿಯೊಬ್ಬ ಅರಿವಿಲ್ಲದೆಯೇ ಬಯಲು ಮಾಡಬಹುದು. ಇಂಥ ಮರಗಳ ವಿಷಯದಲ್ಲಿ ಆ ವಿವರವನ್ನು ಅಳಿಸಿ, ಪ್ರದೇಶದ ಹೆಸರನ್ನಷ್ಟೇ ಹೇಳಿ, ನಿಖರ ಸ್ಥಳವನ್ನು ತನ್ನ ದಫ್ತರದಲ್ಲಿ ಉಳಿಸಿಕೊಂಡು ಸಂಶೋಧಕರಿಗೆ ಮಾತ್ರ ಕೊಡುವುದು ಸರಿಯಾದ ನಡೆ. ದಾರಿ, ಬೇಲಿ, ಕಾವಲು ಇರುವ ಹೆಸರಾಂತ ಮರಗಳಿಗೆ ಈ ನಿರ್ಬಂಧ ಬೇಕಿಲ್ಲ. ಅಲ್ಲಿ ನಿಂತ ಜಾಗ, ದಿಕ್ಕು, ದಿನಾಂಕ, ಮಸೂರ ಎಲ್ಲವನ್ನೂ ಬರೆದಿಡುವುದೇ ಮುಂದಿನ ಪುನರ್‌ಛಾಯಾಗ್ರಾಹಕನಿಗೆ ಮಾಡುವ ಉಪಕಾರ.

ಬ್ರಿಸಲ್‌ಕೋನ್ ಪೈನ್‌ಗಳನ್ನು ಅಧ್ಯಯನ ಮಾಡಿದವರು, ಬದುಕಿರುವ ಮರದ ಉಂಗುರಗಳನ್ನು ಎಂದೋ ಸತ್ತು ಬಿದ್ದ ಮರಗಳ ಉಂಗುರಗಳೊಡನೆ ಹೊಂದಿಸುತ್ತ, ಒಂದೇ ಮರದಿಂದ ಎಂದೂ ದೊರೆಯದಿದ್ದ ಎಂಟು ಸಾವಿರಕ್ಕೂ ಹೆಚ್ಚು ವರ್ಷಗಳ ಅಖಂಡ ದಾಖಲೆಯನ್ನು ಕಟ್ಟಿದರು. ಹವ್ಯಾಸಿಗಳ ಚಿತ್ರಗಳಿಂದಲೂ ಇಂಥದೊಂದು ದಾಖಲೆ ಕಟ್ಟಲು ಸಾಧ್ಯವಿದೆ, ಆದರೆ ಹೆಸರು ಮತ್ತು ದಿನಾಂಕವಿಲ್ಲದ ಚಿತ್ರ ಎಷ್ಟೇ ಸುಂದರವಾಗಿದ್ದರೂ ಆ ಜೋಡಣೆಯಲ್ಲಿ ಎಲ್ಲಿಯೂ ಕೂರುವುದಿಲ್ಲ. ಪೈನ್ ಮರದೆದುರು ನಿಲ್ಲುವ ಪ್ರತಿಯೊಬ್ಬ ಛಾಯಾಗ್ರಾಹಕನೂ ಚಿತ್ರದ ಅಡಿಯಲ್ಲಿ ಈ ಎರಡು ಸಾಲುಗಳನ್ನು ತಪ್ಪದೆ ಬರೆಯುವ ರೂಢಿ ಮಾಡಿಕೊಂಡರೆ, ಅವನ ಹವ್ಯಾಸ ಮುಂದಿನ ತಲೆಮಾರಿನವರ ಅಧ್ಯಯನಕ್ಕೆ ಆಕರವಾಗುತ್ತದೆ.