ತಾಯಿಹಾಲಿನ ಜೊತೆಗೆ ಡಬ್ಬಿಹಾಲು: ಬೇಕೆ? ಬೇಕಾದರೆ ಹೇಗೆ?

ಅಕ್ಕ ಬಾಣಂತನಕ್ಕೆಂದು ತವರಿಗೆ ಬಂದಿದ್ದಾಳೆ ಎಂದಿಟ್ಟುಕೊಳ್ಳಿ. ಮಗುವಿಗೆ ಹನ್ನೆರಡು ದಿನ. ರಾತ್ರಿಯೆಲ್ಲ ಅತ್ತಿದೆ. ಬೆಳಗ್ಗೆ ನೋಡಲು ಬಂದ ನೆರೆಮನೆಯವರು "ಪಾಪ, ಹಾಲು ಸಾಲ್ತಿಲ್ಲ ಅಂತ ಕಾಣುತ್ತೆ" ಎಂದು ಒಂದು ಮಾತು ಹೇಳಿ ಹೋಗುತ್ತಾರೆ. ಅರ್ಧ ಗಂಟೆಯೊಳಗೆ ನಿಮ್ಮ ಕೈಗೆ ಹಣ ಬರುತ್ತದೆ. ಮೆಡಿಕಲ್ ಶಾಪಿನಿಂದ ಹಾಲುಪುಡಿಯ ಡಬ್ಬಿ ತರಬೇಕಾದವರು ನೀವು. ತಂದ ಮೇಲೆ ಅದರ ಮೇಲಿರುವ ಸಣ್ಣ ಇಂಗ್ಲಿಷ್ ಅಕ್ಷರಗಳನ್ನು ಓದಿ, ಎಷ್ಟು ನೀರಿಗೆ ಎಷ್ಟು ಪುಡಿ ಎಂದು ಹೇಳಬೇಕಾದವರೂ ಎಷ್ಟೋ ಮನೆಗಳಲ್ಲಿ ನೀವೇ. ಆದ್ದರಿಂದ ಇದು ಬಾಣಂತಿಯರ ವಿಷಯ, ನಮಗೇಕೆ ಎಂದು ಪುಟ ತಿರುಗಿಸಬೇಡಿ. ಪರದೆಯ ಮೇಲಿನ ಮಾತು ಬೇಗ ಸರಿದುಹೋಗುತ್ತದೆ; ಇಲ್ಲಿರುವ ಲೆಕ್ಕಗಳನ್ನು ಕಾಗದದ ಮೇಲೆ ನಿಧಾನವಾಗಿ ನೋಡುವುದೇ ಮೇಲು.

ಮೊದಲು ಎದೆಹಾಲು ಹೇಗೆ ಉತ್ಪತ್ತಿಯಾಗುತ್ತದೆ ಎಂಬುದನ್ನು ತಿಳಿಯೋಣ. ಮಗು ಚೀಪಿದಾಗ ಅದರ ಸಂದೇಶ ನರಗಳ ಮೂಲಕ ತಾಯಿಯ ಮೆದುಳಿಗೆ ಮುಟ್ಟುತ್ತದೆ. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ ಎರಡು ಹಾರ್ಮೋನುಗಳು ರಕ್ತಕ್ಕೆ ಇಳಿಯುತ್ತವೆ. ಪ್ರೋಲ್ಯಾಕ್ಟಿನ್ ಹಾಲನ್ನು ತಯಾರಿಸುವಂತೆ ಮಾಡುತ್ತದೆ; ಆಕ್ಸಿಟೋಸಿನ್ ತಯಾರಾದ ಹಾಲನ್ನು ಹೊರಕ್ಕೆ ತಳ್ಳುತ್ತದೆ. ಹಳ್ಳಿಯಲ್ಲಿ ಬೆಳೆದವರು, ಕರು ಒಂದು ಗಳಿಗೆ ಚೀಪಿದ ಮೇಲೆ ಹಸು ಸೊರೆ ಬಿಡುವುದನ್ನು ಕಂಡಿರುತ್ತೀರಿ. ಅದು ಈ ಆಕ್ಸಿಟೋಸಿನ್ನಿನದೇ ಕೆಲಸ. ಹಸು ಬೆದರಿದರೆ ಸೊರೆ ಬಿಡುವುದಿಲ್ಲ. ನೋವು, ಗಾಬರಿ, ನಾಲ್ಕು ಜನರ ಮಾತಿಗೆ ಕುಗ್ಗಿದ ಮನಸ್ಸು, ಇವು ತಾಯಿಯಲ್ಲಿಯೂ ಹಾಲಿನ ಹರಿವನ್ನು ತಡೆಯುತ್ತವೆ.

ಇನ್ನೊಂದು ಸಂಗತಿಯುಂಟು, ಮುಖ್ಯವಾದದ್ದು ಅದೇ. ಹಾಲು ಖಾಲಿಯಾಗದೆ ತುಂಬಿ ನಿಂತರೆ ಎದೆಯ ಜೀವಕೋಶಗಳು ತಯಾರಿಕೆಯನ್ನು ನಿಧಾನಿಸುತ್ತವೆ. ಬರಿದಾದಷ್ಟೂ ಬೇಗ ತಯಾರಿಸುತ್ತವೆ. ಪೂರ್ತಿ ಕರೆಯದ ಹಸು ಕ್ರಮೇಣ ಹಾಲು ಬತ್ತಿಸುವುದು ಇದೇ ಕಾರಣಕ್ಕೆ. ಅಂದರೆ ತಾಯಿಯ ಎದೆಯನ್ನು ತುಂಬಿಟ್ಟ ಕೊಡವೆಂದು ಭಾವಿಸಬಾರದು. ತೋಡಿದಷ್ಟೂ ಊರುವ ಒರತೆಯಂತೆ ಅದು.

ಈಗ ನೀವು ತಂದ ಡಬ್ಬಿಗೆ ಬನ್ನಿ. ಮೊದಲ ಸಲ 60 ಮಿಲಿಲೀಟರ್ ಬೆರೆಸಿ ಬಾಟಲಿಯಲ್ಲಿ ಕೊಟ್ಟಿರಿ. ಮಗು ಗಟಗಟ ಕುಡಿದು ಮೂರು ಗಂಟೆ ಮಲಗಿತು. ಮನೆಯವರಿಗೆಲ್ಲ ನೆಮ್ಮದಿ. ಆದರೆ ಆ ಹೊತ್ತಿನಲ್ಲಿ ಮಗು ಎದೆಗೆ ಬಾಯಿ ಹಾಕಲಿಲ್ಲ, ಹಾಲು ಅಲ್ಲೇ ನಿಂತಿತು, ತಯಾರಿಕೆ ಇಳಿಯಿತು. ಮರುದಿನ ನಿಜವಾಗಿಯೂ ಸ್ವಲ್ಪ ಕಡಿಮೆ. ಹಾಗಾಗಿ ಎರಡು ಸಲ ಡಬ್ಬಿಹಾಲು. ಮೂರು ವಾರ ಕಳೆಯುವಷ್ಟರಲ್ಲಿ ನೆರೆಮನೆಯವರು ಅಂದು ಹೇಳಿದ ಮಾತು ನಿಜವಾಗಿಬಿಡುತ್ತದೆ. ಹಾಲು ಸಾಲದೆ ಡಬ್ಬಿ ಬಂದಿತೇ, ಡಬ್ಬಿ ಬಂದದ್ದರಿಂದ ಹಾಲು ಸಾಲದಾಯಿತೇ ಎಂದು ಆಮೇಲೆ ಯಾರೂ ಹೇಳಲಾರರು.

ಹಾಗಾದರೆ ಹಾಲು ಸಾಲುತ್ತಿದೆಯೇ ಎಂದು ತಿಳಿಯುವುದು ಹೇಗೆ? ಅಳು ಇದಕ್ಕೆ ಅಳತೆಗೋಲಲ್ಲ. ಚಳಿಗೆ, ಸೆಕೆಗೆ, ಒದ್ದೆ ಬಟ್ಟೆಗೆ, ಎತ್ತಿಕೊಳ್ಳಲಿ ಎಂಬುದಕ್ಕೂ ಮಗು ಅಳುತ್ತದೆ. ಉಚ್ಚೆಯ ಬಟ್ಟೆಗಳನ್ನು ಎಣಿಸಿ. ಐದನೆಯ ದಿನದ ಹೊತ್ತಿಗೆ ಇಪ್ಪತ್ನಾಲ್ಕು ಗಂಟೆಯಲ್ಲಿ ಆರು ಸಲವಾದರೂ ತಿಳಿಬಣ್ಣದ ಮೂತ್ರವಾಗಬೇಕು. ಎರಡನೆಯದು ತೂಕ. ಹುಟ್ಟಿದ ಮೊದಲ ಕೆಲವು ದಿನ ಎಲ್ಲ ಮಕ್ಕಳ ತೂಕವೂ ಸ್ವಲ್ಪ ಇಳಿಯುತ್ತದೆ; ಸುಮಾರು ಎರಡು ವಾರದೊಳಗೆ ಹುಟ್ಟುತೂಕಕ್ಕೆ ಮರಳುತ್ತದೆ. ಅಲ್ಲಿಂದ ಮುಂದೆ ಮೂರು ತಿಂಗಳವರೆಗೆ ದಿನಕ್ಕೆ 20ರಿಂದ 30 ಗ್ರಾಂ ಏರಬೇಕು. ಅಂಗನವಾಡಿಯಲ್ಲಿ ತೂಗಿಸಿ ಬರೆದಿಡಿ. ಮೊದಲ ದಿನ ಹಸುಗೂಸು ಒಂದು ಸಲಕ್ಕೆ ಕುಡಿಯುವುದೇ ಒಂದೆರಡು ಟೀ ಚಮಚದಷ್ಟು. ಆ ದಿನಗಳ ಹಳದಿಯ ಗಟ್ಟಿಹಾಲು "ಬರೀ ಎರಡು ಹನಿ" ಎಂದು ಚೆಲ್ಲುವವರು ಇಂದಿಗೂ ಇದ್ದಾರೆ. ರೋಗನಿರೋಧಕ ವಸ್ತುಗಳು ಅತಿ ಹೆಚ್ಚಾಗಿರುವುದು ಅದರಲ್ಲಿಯೇ.

ಆದರೂ ನಿಜವಾಗಿ ಹಾಲು ಸಾಲದ ಸಂದರ್ಭಗಳಿವೆ. ದಿನ ತುಂಬುವ ಮೊದಲೇ ಹುಟ್ಟಿ ಚೀಪಲು ಶಕ್ತಿಯಿಲ್ಲದ ಮಗು, ಹುಟ್ಟುತೂಕದಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಕಳೆದುಕೊಂಡ ಮಗು, ರಕ್ತದಲ್ಲಿ ಸಕ್ಕರೆ ಇಳಿದ ಮಗು. ಹೆರಿಗೆಯಲ್ಲಿ ಬಹಳ ರಕ್ತ ಹೋದ ತಾಯಿ, ಥೈರಾಯಿಡ್ ತೊಂದರೆಯ ತಾಯಿ, ಎದೆಯ ಶಸ್ತ್ರಚಿಕಿತ್ಸೆಯಾದ ತಾಯಿ. ಇಂಥಲ್ಲಿ "ತಾಯಿಹಾಲೇ ಅಮೃತ" ಎಂದು ಹಟ ಹಿಡಿದು ಮಗುವನ್ನು ಹಸಿವಿಗೆ ದೂಡುವುದು ಅಪಾಯ. ಸಪ್ಪಗೆ ಮಲಗಿಯೇ ಇರುವ, ಎಬ್ಬಿಸಿದರೂ ಕುಡಿಯದ ಮಗು ಅಳುವ ಮಗುವಿಗಿಂತ ಹೆಚ್ಚು ಚಿಂತೆಗೆ ಕಾರಣ. ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಪೂರಕ ಹಾಲು ಬೇಕಾಯಿತೆಂದರೆ ಅದು ತಾಯಿಯ ಸೋಲಲ್ಲ. ಆ ಮಾತನ್ನು ಅಕ್ಕನಿಗೆ ಮನೆಯಲ್ಲಿ ಯಾರಾದರೂ ಗಟ್ಟಿಯಾಗಿ ಹೇಳಬೇಕು.

ಪೂರಕವೆಂದ ಕೂಡಲೇ ಡಬ್ಬಿಯೇ ಆಗಬೇಕಿಲ್ಲ. ತಾಯಿಯ ಹಾಲನ್ನೇ ಕೈಯಿಂದ ಹಿಂಡಿ ತೆಗೆದು ಕುಡಿಸುವುದು ಮೊದಲ ಆಯ್ಕೆ. ಎರಡನೆಯದು ಹಾಲಿನ ಬ್ಯಾಂಕಿನಿಂದ ಬಂದ ಬೇರೆ ತಾಯಂದಿರ ಹಾಲು. ಏಷ್ಯಾದಲ್ಲೇ ಮೊದಲನೆಯದೆನ್ನಲಾದ ಇಂಥ ಬ್ಯಾಂಕನ್ನು ಮುಂಬಯಿಯ ಸಯನ್ ಆಸ್ಪತ್ರೆಯಲ್ಲಿ ಡಾ. ಆರ್ಮಿಡಾ ಫರ್ನಾಂಡಿಸ್ 1989ರಲ್ಲಿ ಆರಂಭಿಸಿದರು. ಇವೆರಡೂ ದೊರೆಯದಾಗ ಹಾಲುಪುಡಿ. ಎಚ್.ಐ.ವಿ. ಸೋಂಕಿರುವ ತಾಯಂದಿರ ವಿಷಯ ಬೇರೆ; ಮೊದಲ ಆರು ತಿಂಗಳು ಎರಡನ್ನೂ ಬೆರಕೆ ಮಾಡುವುದರಲ್ಲಿ ಅವರ ಮಗುವಿಗೆ ಹೆಚ್ಚಿನ ಅಪಾಯವಿದೆ. ಅವರು ವೈದ್ಯರನ್ನು ಕೇಳದೆ ಏನನ್ನೂ ಆರಂಭಿಸಬಾರದು.

ಸರಿ, ವೈದ್ಯರು ನೋಡಿ, ತಾಯಿ ಮಗುವನ್ನು ಹಿಡಿಯುವ ರೀತಿ ತಿದ್ದಿ, ಆದರೂ ಪೂರಕ ಬೇಕೆಂದರು. ಆಗ ಎರಡನ್ನೂ ಹೊಂದಿಸುವುದು ಹೇಗೆ? ಪ್ರತಿ ಸಲವೂ ಎದೆ ಮೊದಲು, ಎರಡೂ ಕಡೆ. ಆಮೇಲೆ ಹೇಳಿದಷ್ಟೇ ಅಳತೆಯ ಡಬ್ಬಿಹಾಲು. ಹೀಗೆ ಮಾಡಿದರೆ ಒರತೆ ಬತ್ತುವುದಿಲ್ಲ, ಮಗುವೂ ಹಸಿದಿರುವುದಿಲ್ಲ. ರಾತ್ರಿಯ ಹಾಲೂಡಿಕೆಯನ್ನು ಬಿಡಬಾರದು. ಪ್ರೋಲ್ಯಾಕ್ಟಿನ್ ಪ್ರಮಾಣ ರಾತ್ರಿಯೇ ಹೆಚ್ಚು. ಯಾವುದಾದರೂ ಒಂದು ಹೊತ್ತು ಮಗು ಎದೆಗೆ ಬರದಿದ್ದರೆ ಆ ಹೊತ್ತಿಗೆ ಹಿಂಡಿಯಾದರೂ ತೆಗೆಯಬೇಕು.

ಬಾಟಲಿಯ ಬದಲು ನಮ್ಮ ಅಜ್ಜಿಯರ ಒಳಲೆಯನ್ನು ಹುಡುಕಿ ತೆಗೆಯಿರಿ. ಅಟ್ಟದ ಮೇಲೋ ದೇವರ ಕೋಣೆಯ ಪೆಟ್ಟಿಗೆಯಲ್ಲೋ ಇದ್ದೀತು. ಬಾಟಲಿಯ ರಬ್ಬರ್ ತೊಟ್ಟಿನಿಂದ ಹಾಲು ಸಲೀಸಾಗಿ ಬೀಳುತ್ತದೆ; ಎದೆಯಿಂದ ಕುಡಿಯಲು ಮಗು ಬಾಯಿ ಅಗಲಿಸಿ ದವಡೆಯಾಡಿಸಿ ದುಡಿಯಬೇಕು. ಸುಲಭದ ದಾರಿ ಕಂಡ ಮಗು ಕಷ್ಟದ್ದನ್ನು ಒಲ್ಲೆನೆನ್ನುವುದುಂಟು. ಒಳಲೆಗೆ, ಪುಟ್ಟ ಬಟ್ಟಲಿಗೆ ಆ ದೋಷವಿಲ್ಲ. ಅದರಲ್ಲಿ ಸಂದುಗೊಂದುಗಳೂ ಇಲ್ಲ. ತೊಳೆದು ಕುದಿಸಿದರೆ ಶುದ್ಧವಾಯಿತು. ಬಾಟಲಿಯ ಕತ್ತು ಮತ್ತು ರಬ್ಬರಿನ ಒಳಗೆ ಅಂಟಿದ ಹಾಲಿನ ಪಸೆಯಲ್ಲಿ ಭೇದಿಯ ರೋಗಾಣುಗಳು ಬೆಳೆಯುವುದು ಕಣ್ಣಿಗೆ ಕಾಣುವುದಿಲ್ಲ. ಒಳಲೆಯನ್ನು ಗಂಟಲಿಗೆ ಸುರಿಯಬಾರದು, ಅಷ್ಟೇ. ಮಗುವಿನ ತಲೆಯನ್ನು ಎತ್ತಿ ಹಿಡಿದು, ತುಟಿಗೆ ತಾಗಿಸಿ, ಅದೇ ಹೀರಿಕೊಳ್ಳಲು ಬಿಡಬೇಕು.

ಇನ್ನು ಲೆಕ್ಕ. ಒಂದು ತಿಂಗಳು ತುಂಬಿದ, 4 ಕಿಲೋ ತೂಗುವ ಮಗುವಿಗೆ ದಿನಕ್ಕೆ ಕಿಲೋಗೆ 150 ಮಿ.ಲೀ.ನಂತೆ ಸುಮಾರು 600 ಮಿ.ಲೀ. ಹಾಲು ಬೇಕು. ಅದರಲ್ಲಿ 120 ಮಿ.ಲೀ. ಪೂರಕವಿರಲಿ ಎಂದು ವೈದ್ಯರು ಹೇಳಿದರೆನ್ನಿ. ಅದನ್ನು ಒಂದೇ ಸಲ ಕೊಟ್ಟು ಎದೆಯ ಎರಡು ಹೊತ್ತನ್ನು ತಪ್ಪಿಸುವ ಬದಲು, 30 ಮಿ.ಲೀ.ನಂತೆ ನಾಲ್ಕು ಸಲ, ಎದೆಹಾಲಿನ ನಂತರ ಕೊಡಬಹುದು. ನಮ್ಮಲ್ಲಿ ದೊರೆಯುವ ಬಹುಪಾಲು ಡಬ್ಬಿಗಳಲ್ಲಿ 30 ಮಿ.ಲೀ. ನೀರಿಗೆ ಒಂದು ಅಳತೆ ಚಮಚ ಪುಡಿ ಎಂದಿರುತ್ತದೆ. ನಿಮ್ಮ ಡಬ್ಬಿಯಲ್ಲಿ ಏನಿದೆಯೋ ಅದನ್ನೇ ಪಾಲಿಸಿ. ಆ ಡಬ್ಬಿಯ ಚಮಚವನ್ನೇ ಬಳಸಿ, ಮೇಲೆ ಚಾಕುವಿನ ಬೆನ್ನಿನಿಂದ ಸವರಿ ಮಟ್ಟ ಮಾಡಿ.

ಇಲ್ಲಿ ಆಗುವ ತಪ್ಪು ಅಜ್ಞಾನದಿಂದಷ್ಟೇ ಅಲ್ಲ, ಬಡತನದಿಂದಲೂ ಹೌದು. ಒಂದು ಚಮಚ ಪುಡಿ ಸುಮಾರು 4.5 ಗ್ರಾಂ. ಪೂರ್ತಿ ಡಬ್ಬಿಹಾಲಿನಲ್ಲೇ ಬೆಳೆಯುವ ಮಗುವಿಗೆ ದಿನಕ್ಕೆ 20 ಚಮಚ, ಅಂದರೆ 90 ಗ್ರಾಂ. 400 ಗ್ರಾಂ ಪೆಟ್ಟಿಗೆ ಐದು ದಿನ ಪೂರ್ತಿ ಬರುವುದಿಲ್ಲ. ಕೂಲಿಯ ಮನೆಯಲ್ಲಿ ಇದು ದೊಡ್ಡ ಹೊರೆ. ಆಗ 60 ಮಿ.ಲೀ. ನೀರಿಗೆ ಒಂದೇ ಚಮಚ ಹಾಕಿ "ಬೆಳ್ಳಗೆ ಇದೆಯಲ್ಲ" ಎಂದು ಕುಡಿಸುತ್ತಾರೆ. ಸರಿಯಾಗಿ ಬೆರೆಸಿದ 100 ಮಿ.ಲೀ.ನಲ್ಲಿ ಸುಮಾರು 67 ಕಿಲೋಕ್ಯಾಲೊರಿ ಇದ್ದರೆ ಇದರಲ್ಲಿ ಅರ್ಧ. ಮಗುವಿನ ಹೊಟ್ಟೆ ತುಂಬುತ್ತದೆ, ಮೈ ಸೊರಗುತ್ತದೆ. ಗಟ್ಟಿಯಾಗಲಿ ಎಂದು ಹೆಚ್ಚು ಪುಡಿ ಹಾಕುವುದೂ ಕೇಡು. ಆ ಲವಣಗಳನ್ನು ಹೊರಹಾಕಲು ಎಳೆಯ ಮೂತ್ರಪಿಂಡಗಳಿಗೆ ನೀರು ಸಾಲುವುದಿಲ್ಲ. ಎದೆಹಾಲಿನ ಜೊತೆ ದಿನಕ್ಕೆ ನಾಲ್ಕೇ ಚಮಚ ಸಾಕಾದ ಮನೆಯಲ್ಲಿ ಅದೇ ಪೆಟ್ಟಿಗೆ ಮೂರು ವಾರ ಬರುತ್ತದೆ. ನೀರು ಹೆಚ್ಚಿಸುವ ಆಸೆಯೇ ಹುಟ್ಟುವುದಿಲ್ಲ.

ಹಾಲುಪುಡಿ ಕ್ರಿಮಿರಹಿತವಲ್ಲ ಎಂಬುದು ಅನೇಕರಿಗೆ ತಿಳಿಯದು. ಅದಕ್ಕಾಗಿಯೇ ನೀರನ್ನು ಕುದಿಸಿ, ಅರ್ಧ ಗಂಟೆ ಮೀರುವ ಮೊದಲೇ, ಅಂದರೆ ಅದು 70 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯುವ ಮುನ್ನ ಪುಡಿ ಬೆರೆಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2007ರ ತನ್ನ ಮಾರ್ಗಸೂಚಿಯಲ್ಲಿ ಹೇಳಿತು. ಆಮೇಲೆ ಪಾತ್ರೆಯನ್ನು ತಣ್ಣೀರಿನಲ್ಲಿಟ್ಟು ಆರಿಸಿ, ಮುಂಗೈಗೆ ಒಂದು ಹನಿ ಹಾಕಿ ನೋಡಿ, ಕುಡಿಸಿ. ಎರಡು ಗಂಟೆ ಮೀರಿದ್ದನ್ನು ಚೆಲ್ಲಿ. ಬೆರೆಸಿದ ಹಾಲನ್ನು ಫ್ಲಾಸ್ಕಿನಲ್ಲಿಟ್ಟು ರಾತ್ರಿಯೆಲ್ಲ ಕೊಡುವುದು ಬಹಳ ಕೆಟ್ಟ ಅಭ್ಯಾಸ. ಬೆಚ್ಚನೆಯ ಹಾಲು ಹೆಪ್ಪಿಗೆ ಎಷ್ಟು ಒಳ್ಳೆಯದೋ ರೋಗಾಣುವಿಗೂ ಅಷ್ಟೇ ಒಳ್ಳೆಯದು. ಫ್ಲಾಸ್ಕಿನಲ್ಲಿ ಬಿಸಿನೀರು ಮಾತ್ರ ಇರಲಿ. ಸಕ್ಕರೆ, ಜೇನು ಏನನ್ನೂ ಸೇರಿಸಬೇಡಿ. ಡಬ್ಬಿ ದುಬಾರಿಯೆಂದು ಹಸುವಿನ ಹಾಲಿಗೆ ನೀರು ಬೆರೆಸಿ ಕೊಡುವುದೂ ಸಲ್ಲದು. ತಾಯಿಹಾಲಿನಲ್ಲಿ 100 ಮಿ.ಲೀ.ಗೆ ಸುಮಾರು 1 ಗ್ರಾಂ ಪ್ರೋಟೀನ್ ಇದ್ದರೆ ಹಸುವಿನದರಲ್ಲಿ ಅದರ ಮೂರು ಪಟ್ಟಿಗಿಂತ ಹೆಚ್ಚು. ಕಬ್ಬಿಣಾಂಶ ಮಾತ್ರ ಮಗುವಿಗೆ ದಕ್ಕುವಷ್ಟಿಲ್ಲ.

ಪ್ರಯೋಗಶಾಲೆಯಲ್ಲಿ ಲೀಬಿಗ್ ಕಂಡೆನ್ಸರ್ ಬಳಸಿದ್ದೀರಲ್ಲವೇ? ಆ ಹೆಸರಿನ ಜರ್ಮನ್ ರಸಾಯನವಿಜ್ಞಾನಿಯೇ 1860ರ ದಶಕದಲ್ಲಿ ಶಿಶು ಆಹಾರವೊಂದನ್ನು ಮಾರುಕಟ್ಟೆಗೆ ತಂದವನು. ನಮ್ಮ ಮೈಸೂರಿನ ಸಿ.ಎಫ್.ಟಿ.ಆರ್.ಐ. ಸಂಸ್ಥೆ 1950ರ ದಶಕದಲ್ಲಿ ಎಮ್ಮೆಯ ಹಾಲಿನಿಂದ ಶಿಶು ಆಹಾರ ತಯಾರಿಸುವ ವಿಧಾನವನ್ನು ರೂಪಿಸಿತು. ಗುಜರಾತಿನ ಆಣಂದದ ಹಾಲು ಸಹಕಾರ ಸಂಘ ಅದನ್ನು ಉತ್ಪಾದನೆಗೆ ತಂದಿತು. ವಿಜ್ಞಾನದ ಈ ಸಾಧನೆ ಕಡಿಮೆಯದಲ್ಲ. ಎಷ್ಟೋ ತಬ್ಬಲಿ ಮಕ್ಕಳು ಅದರಿಂದ ಬದುಕಿವೆ. ಕೆಟ್ಟದ್ದಾದುದು ಅದನ್ನು ಮಾರಿದ ರೀತಿ. ಬಡ ದೇಶಗಳ ಆಸ್ಪತ್ರೆಗಳಲ್ಲಿ ಬಿಟ್ಟಿ ಡಬ್ಬಿ ಹಂಚಿ, ಗುಂಡುಗುಂಡಾದ ಮಗುವಿನ ಚಿತ್ರ ತೋರಿಸಿ ತಾಯಂದಿರಿಗೆ ತಮ್ಮ ಹಾಲಿನ ಮೇಲೆಯೇ ನಂಬಿಕೆ ಹೋಗುವಂತೆ ಮಾಡಲಾಯಿತು. 1981ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಭೆ ಇದರ ವಿರುದ್ಧ ಸಂಹಿತೆಯೊಂದನ್ನು ಅಂಗೀಕರಿಸಿದಾಗ 118 ದೇಶಗಳು ಪರವಾಗಿದ್ದವು; ವಿರುದ್ಧ ಮತ ಹಾಕಿದ್ದು ಅಮೆರಿಕ ಒಂದೇ. ಭಾರತದ ಕಾಯ್ದೆ 1992ರದು. 1993ರ ಆಗಸ್ಟ್ 1ರಿಂದ ಜಾರಿಗೆ ಬಂದು 2003ರಲ್ಲಿ ಇನ್ನಷ್ಟು ಬಿಗಿಯಾಯಿತು. ಟೆಲಿವಿಷನ್ನಿನಲ್ಲಿ ಸೋಪು, ಬಿಸ್ಕತ್ತು ಎಲ್ಲದರ ಜಾಹೀರಾತು ಬಂದರೂ ಹಸುಗೂಸಿನ ಹಾಲುಪುಡಿಯದು ಏಕಿಲ್ಲ ಎಂಬುದಕ್ಕೆ ಉತ್ತರ ಇದೇ. ಡಬ್ಬಿಯನ್ನು ತಿರುಗಿಸಿ ನೋಡಿ: ತಾಯಿಯ ಹಾಲೇ ಶ್ರೇಷ್ಠ ಎಂಬ ಎಚ್ಚರಿಕೆಯ ಮಾತಿರುತ್ತದೆ, ಮಗುವಿನ ಚಿತ್ರವಿರುವುದಿಲ್ಲ.

ಅಕ್ಕ ಕೆಲಸಕ್ಕೆ ಮರಳುವವಳಾದರೆ ಎರಡನ್ನೂ ಹೊಂದಿಸುವ ಪ್ರಶ್ನೆ ಮತ್ತೆ ಬರುತ್ತದೆ. 2017ರ ತಿದ್ದುಪಡಿ ಹೆರಿಗೆ ರಜೆಯನ್ನು 12 ವಾರದಿಂದ 26 ವಾರಕ್ಕೆ ಏರಿಸಿತು. ಗಾರ್ಮೆಂಟ್ಸಿನಲ್ಲಿ ದುಡಿಯುವವರಿಗೆ ಅದು ಕೈಗೆ ಸಿಕ್ಕುವುದೇ ಎಂಬುದು ಬೇರೆಯೇ ಮಾತು. ಹೋಗುವ ಮುನ್ನ ಹಿಂಡಿಟ್ಟ ಹಾಲು 25 ಡಿಗ್ರಿಯ ಸೆಕೆಯಲ್ಲಿ ನಾಲ್ಕು ಗಂಟೆ ಕೆಡದು. ರಾಯಚೂರು, ಕಲಬುರಗಿಗಳ ಬೇಸಗೆಯಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಫ್ರಿಜ್ಜಿನಲ್ಲಾದರೆ ನಾಲ್ಕು ದಿನ ಇಡಬಹುದು. ಅದು ಮುಗಿದ ಮೇಲಷ್ಟೇ ಡಬ್ಬಿ. ತಾಯಿ ಮನೆಗೆ ಬಂದ ಮೇಲೆ, ರಾತ್ರಿ, ಭಾನುವಾರ, ಎದೆಯೇ.

ಹನ್ನೆರಡು ದಿನದ ಆ ಮಗುವಿನ ತೂಕ ಸರಿಯಾಗಿ ಏರತೊಡಗಿದರೆ ಪೂರಕವನ್ನು ಇಳಿಸುತ್ತ ಬರಬಹುದು. ಒಮ್ಮೆಗೇ ನಿಲ್ಲಿಸುವುದು ಬೇಡ. ನಾಲ್ಕು ಸಲ ಇದ್ದದ್ದು ಮೂರಾಗಲಿ, ನಾಲ್ಕೈದು ದಿನ ಬಿಟ್ಟು ತೂಗಿಸಿ, ಇಳಿಯದಿದ್ದರೆ ಎರಡಾಗಲಿ. ತೂಕ ನಿಂತುಹೋದರೆ ಹಿಂದಿನ ಅಳತೆಗೆ ಮರಳಿ ವೈದ್ಯರನ್ನು ಕಾಣಬೇಕು. ಕೆಲವರಿಗೆ ಪೂರ್ತಿ ಬಿಡಿಸಲು ಆಗುತ್ತದೆ, ಕೆಲವರಿಗೆ ಆರು ತಿಂಗಳು ತುಂಬಿ ಗಂಜಿ, ಸರಿ ಆರಂಭವಾಗುವವರೆಗೂ, ಅದರ ನಂತರವೂ ಎರಡೂ ನಡೆಯುತ್ತವೆ. ಡಬ್ಬಿಯಲ್ಲಿ ಪುಡಿ ಮಿಕ್ಕರೆ ಹಣ ಹಾಳಾಯಿತೆಂದು ಮಗುವಿಗೆ ಕುಡಿಸಿ ಮುಗಿಸಬೇಡಿ. ಅಜ್ಜಿಯ ಕಾಫಿಗೆ ಬೆರೆಸಿ.