ಕತ್ತರಿ ಯಾರ ಖರ್ಚು?

ಕೈ ಕೆಸರಾದರೆ ಬಾಯಿ ಮೊಸರು. ಈ ಗಾದೆ ನಮಗೆಲ್ಲ ಗೊತ್ತು. ಆದರೆ ಬರೀ ಕೈಯಲ್ಲಿ ಯಾವ ಕೆಲಸ ಆಗುತ್ತದೆ? ಬಟ್ಟೆ ಹೊಲಿಯಲು ಕತ್ತರಿ ಬೇಕು. ಸೂಜಿ ಬೇಕು. ಅಳತೆ ಟೇಪು ಬೇಕು. ಗಾರೆ ಕೆಲಸಕ್ಕೆ ಕರಣೆ, ಬಾಂಡ್ಲಿ ಬೇಕು. ತೋಟದ ಕೆಲಸಕ್ಕೆ ಗುದ್ದಲಿ, ಕುಡುಗೋಲು ಬೇಕು. ಇವೆಲ್ಲ ನಮ್ಮ ಕೆಲಸದ ಹತ್ಯಾರಗಳು.

ನಮ್ಮ ಸೋಲದೇವನಹಳ್ಳಿಯ ಕಡೆ ದುಡಿಯದ ಹೆಂಗಸರೇ ಇಲ್ಲ. ಕೆಲವರು ಪೀಣ್ಯದ ಕಡೆ ಗಾರ್ಮೆಂಟ್ಸ್‌ಗೆ ಹೋಗುತ್ತೇವೆ. ಕೆಲವರು ಕಾಲೇಜು, ಹಾಸ್ಟೆಲ್‌ಗಳಲ್ಲಿ ಕಸ ಗುಡಿಸಿ ನೆಲ ಒರೆಸುತ್ತೇವೆ. ಕೆಲವರು ಮನೆಯಲ್ಲೇ ಮೆಷಿನ್ ಇಟ್ಟು ಹೊಲಿಯುತ್ತೇವೆ. ಎಲ್ಲರಿಗೂ ಒಂದು ಪ್ರಶ್ನೆ ಇದೆ. ಹತ್ಯಾರಕ್ಕೆ ದುಡ್ಡು ಹಾಕಬೇಕಾದವರು ಯಾರು? ನಾವೇ ಹಾಕಿದರೆ, ಆ ದುಡ್ಡಿಗೆ ತೆರಿಗೆಯಲ್ಲಿ ಏನಾದರೂ ರಿಯಾಯಿತಿ ಇದೆಯೇ? ಬನ್ನಿ, ತಿಳಿಯೋಣ.

ಮೊದಲು ಸಂಬಳ ಚೀಟಿ ಓದೋಣ

ಈಗ ನಮಗೆ ಅಕ್ಷರ ಬರುತ್ತದೆ. ಅಂಕಿ ಬರುತ್ತದೆ. ಹಾಗಾದರೆ ಮೊದಲು ಓದಬೇಕಾದ ಕಾಗದ ಯಾವುದು? ನಮ್ಮ ಸಂಬಳ ಚೀಟಿ. ಚೀಟಿ ಕೊಡುವುದು ಮಾಲೀಕರ ಕರ್ತವ್ಯ. ಕೇಳಿ ಪಡೆಯುವುದು ನಮ್ಮ ಹಕ್ಕು.

ಲೆಕ್ಕಕ್ಕೆ ಒಂದು ಚೀಟಿ ನೋಡೋಣ.

ಒಟ್ಟು ಸಂಬಳ: 13,000 ರೂಪಾಯಿ
ಪಿ.ಎಫ್.: 1,560
ಇ.ಎಸ್.ಐ.: 98
ಇತರೆ: 450
ಕೈಗೆ ಬಂದದ್ದು: 10,892

ಪಿ.ಎಫ್. ಅಂದರೆ ಭವಿಷ್ಯ ನಿಧಿ. ನೂರಕ್ಕೆ 12ರಂತೆ ಹಿಡಿಯುತ್ತಾರೆ. ಅದು ನಮ್ಮದೇ ಉಳಿತಾಯ. ಇ.ಎಸ್.ಐ. ಕಾಯಿಲೆ, ಹೆರಿಗೆಗೆ ಆಗುವ ವಿಮೆ. ನೂರಕ್ಕೆ ಮುಕ್ಕಾಲು ರೂಪಾಯಿ ಹಿಡಿಯುತ್ತಾರೆ. ಇವೆರಡೂ ಸರಿ.

ಆದರೆ ‘ಇತರೆ’ ಅಂದರೆ ಏನು? 450 ರೂಪಾಯಿ ಅಂದರೆ ಹೆಚ್ಚುಕಡಿಮೆ ಒಂದು ದಿನದ ದುಡಿಮೆ. ಬೆಳಗಿನಿಂದ ಸಂಜೆವರೆಗೆ ಮೆಷಿನ್ ಮುಂದೆ ಕೂತ ಒಂದು ದಿನ ಎಲ್ಲಿ ಹೋಯಿತು? ಕೇಳಿದರೆ “ಅದು ಕತ್ತರಿಯದು, ಸೂಜಿಯದು” ಎಂಬ ಉತ್ತರ ಬರಬಹುದು. ಆಗ ಸುಮ್ಮನಾಗಬಾರದು.

ಹತ್ಯಾರದ ದುಡ್ಡು ಹಿಡಿಯುವಂತಿಲ್ಲ

ಸ್ವಾತಂತ್ರ್ಯ ಬರುವುದಕ್ಕೆ ಮೊದಲೇ, 1936ರಲ್ಲಿ, ವೇತನ ಪಾವತಿ ಕಾಯ್ದೆ ಬಂತು. ಸಂಬಳದಲ್ಲಿ ಏನೇನು ಹಿಡಿಯಬಹುದು ಅಂತ ಅದರಲ್ಲಿ ಪಟ್ಟಿ ಇತ್ತು. ಈಗ ಅದರ ಜಾಗದಲ್ಲಿ 2019ರ ವೇತನ ಸಂಹಿತೆ ಇದೆ. ಅದು 2025ರ ನವೆಂಬರ್ 21ರಂದು ಜಾರಿಗೆ ಬಂತು. ಕಾಯ್ದೆ ಬದಲಾದರೂ ಒಂದು ಮಾತು ಬದಲಾಗಿಲ್ಲ. ಪಟ್ಟಿಯಲ್ಲಿ ಇಲ್ಲದ್ದನ್ನು ಸಂಬಳದಲ್ಲಿ ಹಿಡಿಯುವಂತಿಲ್ಲ.

ಮಾಲೀಕರು ಕೊಡುವ ಕೆಲವು ಸೌಲಭ್ಯ, ಸೇವೆಗಳಿಗೆ ದುಡ್ಡು ಹಿಡಿಯಬಹುದು. ಅದಕ್ಕೂ ಸರ್ಕಾರದ ಒಪ್ಪಿಗೆ ಬೇಕು. ಆದರೆ ಅಲ್ಲೇ ಕಾನೂನು ಒಂದು ಮಾತು ಬಿಡಿಸಿ ಹೇಳುತ್ತದೆ: ಕೆಲಸಕ್ಕೆ ಬೇಕಾದ ಹತ್ಯಾರ, ಕಚ್ಚಾ ಸಾಮಾನು ಕೊಡುವುದು ‘ಸೇವೆ’ ಅಲ್ಲ. ಅಂದರೆ ಕತ್ತರಿ ಕೊಟ್ಟೆವು, ದಾರ ಕೊಟ್ಟೆವು ಅಂತ ಹೇಳಿ ಸಂಬಳ ಮುರಿಯುವಂತಿಲ್ಲ. ಕತ್ತರಿ ಹಿಡಿದು ನಾವು ಹೊಲಿಯುವುದು ಯಾರ ಅಂಗಿ? ಮಾಲೀಕರದು. ಹಾಗಾದ ಮೇಲೆ ಖರ್ಚೂ ಅವರದೇ ಅಲ್ಲವೇ?

“ಸಂಬಳದಲ್ಲಿ ಹಿಡಿಯಲ್ಲ, ಕೈಯಲ್ಲಿ ಕೊಟ್ಟುಬಿಡಿ” ಅಂತ ಸೂಪರ್‌ವೈಸರ್ ಕೇಳಿದರೆ? ಕಾನೂನು ಅದನ್ನೂ ಯೋಚಿಸಿದೆ. ಕೆಲಸಗಾರರು ಮಾಲೀಕರಿಗಾಗಲಿ, ಅವರ ಪರವಾದವರಿಗಾಗಲಿ ಕೊಟ್ಟ ದುಡ್ಡು ಸಂಬಳದಲ್ಲಿ ಹಿಡಿದ ದುಡ್ಡಿಗೆ ಸಮ. ಕೈಯಲ್ಲಿ ಕೊಟ್ಟರೂ ಒಂದೇ, ಚೀಟಿಯಲ್ಲಿ ಹಿಡಿದರೂ ಒಂದೇ.

ನಮ್ಮ ರಕ್ಷಣೆಗೆ ಕೊಡುವ ಕೈಗವಸು, ಮಾಸ್ಕು, ಕಣ್ಣಿನ ಕನ್ನಡಕಕ್ಕೂ ದುಡ್ಡು ಕೇಳುವಂತಿಲ್ಲ. ಸುರಕ್ಷತೆ, ಆರೋಗ್ಯದ ಖರ್ಚನ್ನು ಕೆಲಸಗಾರರ ಮೇಲೆ ಹಾಕಬಾರದು ಅಂತ ಬೇರೆ ಕಾನೂನು ಇದೆ.

ಕಳೆದುಹೋದರೆ ಏನು?

ಇಲ್ಲಿ ಸ್ವಲ್ಪ ಎಚ್ಚರ ಬೇಕು. ನಮ್ಮ ವಶಕ್ಕೆ ಅಂತಲೇ ಒಪ್ಪಿಸಿದ ಸಾಮಾನು ನಮ್ಮ ಅಸಡ್ಡೆಯಿಂದ ಕಳೆದರೆ ಅಥವಾ ಕೆಟ್ಟರೆ ಅದರ ನಷ್ಟ ಹಿಡಿಯಬಹುದು. ಆದರೆ ಆಗಿರುವ ನಷ್ಟಕ್ಕಿಂತ ಹೆಚ್ಚು ಹಿಡಿಯುವಂತಿಲ್ಲ. ಹಿಡಿಯುವ ಮೊದಲು ನಮ್ಮ ಮಾತು ಕೇಳಬೇಕು. ಬಳಸಿ ಬಳಸಿ ಸವೆದ ಕತ್ತರಿ, ಹೊಲಿಯುವಾಗ ಮುರಿದ ಸೂಜಿ ಅಸಡ್ಡೆ ಅಲ್ಲ. ಅದು ಕೆಲಸದ ಸವಕಳಿ. ಸಾಮಾನು ತೆಗೆದುಕೊಳ್ಳುವಾಗ, ವಾಪಸ್ ಕೊಡುವಾಗ ಪುಸ್ತಕದಲ್ಲಿ ಬರೆಸಿ. ಬರೆದದ್ದನ್ನು ಓದಿ. ಓದಿದ ಮೇಲೆಯೇ ಸಹಿ ಹಾಕಿ.

ತೆರಿಗೆಯಲ್ಲಿ ರಿಯಾಯಿತಿ ಇದೆಯೇ?

ಈಗ ಎರಡನೇ ಪ್ರಶ್ನೆ. ನಾವೇ ಅಂಗಡಿಯಲ್ಲಿ ಕತ್ತರಿ ಕೊಂಡೆವು. ಬಿಲ್ಲೂ ಇದೆ. ಇದನ್ನು ತೋರಿಸಿ ಆದಾಯ ತೆರಿಗೆಯಲ್ಲಿ ಕಳೆಯಬಹುದೇ?

ಇಂಗ್ಲೆಂಡಿನಂಥ ದೇಶದಲ್ಲಿ ಸಂಬಳದವರು ತಾವು ಕೊಂಡ ಹತ್ಯಾರಕ್ಕೆ ತೆರಿಗೆ ರಿಯಾಯಿತಿ ಕೇಳಬಹುದು. ನಮ್ಮ ದೇಶದಲ್ಲಿ ಹಾಗಿಲ್ಲ. ನಮ್ಮಲ್ಲೂ ಹಿಂದೆ ಸಂಬಳದವರು ಕೆಲಸದ ಕೆಲವು ಖರ್ಚುಗಳನ್ನು ಬೇರೆ ಬೇರೆಯಾಗಿ ತೋರಿಸುತ್ತಿದ್ದರು. 1974ರ ಹಣಕಾಸು ಕಾಯ್ದೆ ಅದನ್ನು ನಿಲ್ಲಿಸಿತು. ಎಲ್ಲ ಖರ್ಚಿಗೂ ಸೇರಿಸಿ ಒಂದೇ ಮೊತ್ತ ಕಳೆಯುವ ಪದ್ಧತಿ ತಂದಿತು. ಬಿಲ್ಲು ಬೇಡ, ರಸೀದಿ ಬೇಡ. ಇದಕ್ಕೆ ಸ್ಟ್ಯಾಂಡರ್ಡ್ ಡಿಡಕ್ಷನ್ ಅನ್ನುತ್ತಾರೆ. 2005ರಲ್ಲಿ ಇದನ್ನೂ ತೆಗೆದರು. 2018ರಲ್ಲಿ ಮತ್ತೆ ತಂದರು. ಆಗ ವರ್ಷಕ್ಕೆ 40,000 ರೂಪಾಯಿ. 2019ರಲ್ಲಿ 50,000 ಆಯಿತು. 2024ರಲ್ಲಿ ಹೊಸ ತೆರಿಗೆ ಪದ್ಧತಿಯವರಿಗೆ 75,000 ಮಾಡಿದರು.

ಹಾಗಾದರೆ ನಮ್ಮ ಲೆಕ್ಕ ಏನು? ತಿಂಗಳಿಗೆ 13,000 ಅಂದರೆ ವರ್ಷಕ್ಕೆ 1,56,000. ಅದರಲ್ಲಿ 75,000 ಕಳೆದರೆ ಉಳಿಯುವುದು 81,000. ಇಷ್ಟು ಆದಾಯಕ್ಕೆ ತೆರಿಗೆಯೇ ಇಲ್ಲ. 2025-26ರ ಸಾಲಿನಿಂದ ಹೊಸ ಪದ್ಧತಿಯಲ್ಲಿ ಸಂಬಳದವರು ವರ್ಷಕ್ಕೆ 12,75,000 ರೂಪಾಯಿವರೆಗೂ ಆದಾಯ ತೆರಿಗೆ ಕಟ್ಟಬೇಕಿಲ್ಲ.

ನಮ್ಮ ರಾಜ್ಯದ ವೃತ್ತಿ ತೆರಿಗೆ ಬೇರೆ. 2023ರ ಏಪ್ರಿಲ್‌ನಿಂದ ತಿಂಗಳ ಸಂಬಳ 25,000ಕ್ಕಿಂತ ಕಡಿಮೆ ಇರುವವರಿಗೆ ಅದೂ ಇಲ್ಲ. ಚೀಟಿಯಲ್ಲಿ ‘ಪಿ.ಟಿ. 200’ ಅಂತ ಕಂಡರೆ ಯಾಕೆ ಅಂತ ಕೇಳಿ.

ಇಲ್ಲೇ ಒಂದು ಮುಖ್ಯ ಮಾತು. ತೆರಿಗೆ ಕಟ್ಟುವವರಿಗೆ ಮಾತ್ರ ತೆರಿಗೆ ರಿಯಾಯಿತಿ ಸಿಗುತ್ತದೆ. ತೆರಿಗೆಯೇ ಇಲ್ಲದ ನಮಗೆ ಕತ್ತರಿಯ ದುಡ್ಡು ತೆರಿಗೆ ಇಲಾಖೆಯಿಂದ ಬರುವುದಿಲ್ಲ. ನಮ್ಮ ದುಡ್ಡು ಸಂಬಳ ಚೀಟಿಯಲ್ಲಿ ಹೋಗುತ್ತದೆ. ಅದನ್ನು ಅಲ್ಲೇ ಹಿಡಿದು ನಿಲ್ಲಿಸಬೇಕು.

ಮನೆಯಲ್ಲೇ ಹೊಲಿಯುವವರಿಗೆ

ಮನೆಯಲ್ಲಿ ಕೂತು ಹೊಲಿಯುವ ಅಕ್ಕಂದಿರ ಲೆಕ್ಕ ಬೇರೆ. ಅವರು ಸಂಬಳದವರಲ್ಲ. ಸ್ವಂತ ಕಸುಬಿನವರು. ಅವರಿಗೆ 75,000ದ ರಿಯಾಯಿತಿ ಇಲ್ಲ. ಆದರೆ ಕಸುಬಿನ ಖರ್ಚನ್ನೆಲ್ಲ ಕಳೆಯಬಹುದು. ದಾರ, ಸೂಜಿ, ಎಣ್ಣೆ, ರಿಪೇರಿ, ಕರೆಂಟು, ಎಲ್ಲವೂ ಖರ್ಚೇ.

ಮೆಷಿನ್ ಬಹಳ ವರ್ಷ ಬಾಳುತ್ತದೆ. ಅದಕ್ಕೇ ಅದರ ಬೆಲೆಯನ್ನು ಒಂದೇ ಸಲ ಕಳೆಯುವುದಿಲ್ಲ. ವರ್ಷಕ್ಕೆ ನೂರಕ್ಕೆ 15ರಂತೆ ಸವಕಳಿ ಕಳೆಯುತ್ತಾರೆ. 20,000 ರೂಪಾಯಿಯ ಮೆಷಿನ್ ಆದರೆ ಮೊದಲ ವರ್ಷ 3,000. ಉಳಿದದ್ದು 17,000. ಅದಕ್ಕೆ ಎರಡನೇ ವರ್ಷ 2,550.

ಆದಾಯ ಕಡಿಮೆ ಇದ್ದರೆ ಈ ಲೆಕ್ಕ ಯಾಕೆ ಅಂತೀರಾ? ಕಂಪನಿಗೆ ಹೊಲಿದು ಕೊಡುವವರಿಗೆ ಇದು ಬೇಕು. ಒಂದು ಬಿಲ್ಲು 30,000 ದಾಟಿದರೆ ಅಥವಾ ವರ್ಷದ ಬಿಲ್ಲು ಒಂದು ಲಕ್ಷ ದಾಟಿದರೆ, ಕಂಪನಿ ನೂರಕ್ಕೆ 1 ರೂಪಾಯಿ ತೆರಿಗೆ ಹಿಡಿದು ಸರ್ಕಾರಕ್ಕೆ ಕಟ್ಟುತ್ತದೆ. ಇದೇ ಟಿ.ಡಿ.ಎಸ್. ವರ್ಷಕ್ಕೆ 1,20,000 ರೂಪಾಯಿಯ ಕೆಲಸ ಮಾಡಿದರೆ 1,200 ರೂಪಾಯಿ ಹಿಡಿಯುತ್ತಾರೆ.

ಈಗ ಕಳೆಯಿರಿ. ದಾರ, ಕರೆಂಟು ಮುಂತಾದ ಖರ್ಚು 30,000. ಮೆಷಿನ್ ಸವಕಳಿ 3,000. ಉಳಿದ ಆದಾಯ 87,000. ಇದಕ್ಕೆ ತೆರಿಗೆ ಇಲ್ಲ. ಹಾಗಾದರೆ ಹಿಡಿದ 1,200 ರೂಪಾಯಿ ನಮ್ಮದು. ಅದು ತಾನಾಗಿ ಬರುವುದಿಲ್ಲ. ರಿಟರ್ನ್ ಅಂದರೆ ಆದಾಯದ ಲೆಕ್ಕ ಸಲ್ಲಿಸಿದರೆ ನಮ್ಮ ಬ್ಯಾಂಕ್ ಖಾತೆಗೆ ವಾಪಸ್ ಬರುತ್ತದೆ. ಇಡೀ ದೇಶದ ರಿಟರ್ನ್‌ಗಳನ್ನು ಪರಿಶೀಲಿಸುವ ಕೇಂದ್ರ ನಮ್ಮ ಬೆಂಗಳೂರಿನಲ್ಲೇ ಇದೆ. ಜುಲೈ ತಿಂಗಳಲ್ಲೇ ಈ ಕೆಲಸ ಮುಗಿಸುವುದು ಒಳ್ಳೆಯದು.

ಪಾನ್ ಕಾರ್ಡ್ ಇಲ್ಲದಿದ್ದರೆ ಏನಾಗುತ್ತದೆ ಗೊತ್ತೇ? ನೂರಕ್ಕೆ 1ರ ಬದಲು 20 ರೂಪಾಯಿ ಹಿಡಿಯುತ್ತಾರೆ. 1,200 ಅಲ್ಲ, 24,000! ಆದ್ದರಿಂದ ಪಾನ್ ಮಾಡಿಸಿ. ಆಧಾರ್‌ಗೆ ಜೋಡಿಸಿ. ಬ್ಯಾಂಕ್ ಖಾತೆ ನಿಮ್ಮ ಹೆಸರಿನಲ್ಲೇ ಇರಲಿ.

ಅನ್ಯಾಯ ಆದರೆ ಎಲ್ಲಿಗೆ ಹೋಗಬೇಕು?

ಮೊದಲು ಫ್ಯಾಕ್ಟರಿಯಲ್ಲೇ ಬರವಣಿಗೆಯಲ್ಲಿ ಕೇಳಿ. “ಇತರೆ 450 ರೂಪಾಯಿ ಯಾಕೆ ಹಿಡಿದಿದ್ದೀರಿ, ತಿಳಿಸಿ.” ಇಷ್ಟು ಬರೆದರೆ ಸಾಕು. ಒಬ್ಬರೇ ಕೇಳಲು ಹೆದರಿಕೆ ಆಗುತ್ತದೆ. ಕೆಲಸ ಹೋದರೆ ಗತಿ ಏನು ಅನ್ನಿಸುತ್ತದೆ. ಹತ್ತು ಜನ ಸೇರಿ ಸಹಿ ಹಾಕಿದರೆ ಧೈರ್ಯ ಬರುತ್ತದೆ. ಒಂದು ಪ್ರತಿ ನಿಮ್ಮ ಹತ್ತಿರ ಇರಲಿ.

ಉತ್ತರ ಬರದಿದ್ದರೆ ಕಾರ್ಮಿಕ ಇಲಾಖೆಗೆ ದೂರು ಕೊಡಿ. ಇಲಾಖೆಯ ಕಚೇರಿ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿದೆ. ಸಂಘದ ಮೂಲಕವೂ ಅರ್ಜಿ ಹಾಕಬಹುದು. ತಪ್ಪಾಗಿ ಹಿಡಿದ ಸಂಬಳ ಕೇಳಲು ಈಗ 3 ವರ್ಷ ಕಾಲಾವಕಾಶ ಇದೆ. ಹಾಗಾಗಿ ಹಳೆಯ ಚೀಟಿಗಳನ್ನು ಒಲೆಗೆ ಹಾಕಬೇಡಿ. ಒಂದು ಚೀಲದಲ್ಲಿ ಜೋಪಾನವಾಗಿ ಇಡಿ.

ವಕೀಲರಿಗೆ ಕೊಡಲು ದುಡ್ಡಿಲ್ಲವೇ? ಹೆಂಗಸರಿಗೆ ಕಾನೂನು ನೆರವು ಉಚಿತ. ಆದಾಯ ಎಷ್ಟೇ ಇರಲಿ, ಕೇಳಬಹುದು. 15100 ನಂಬರಿಗೆ ಫೋನ್ ಮಾಡಿ.

ನೆನಪಿಡೋಣ

1. ಪ್ರತಿ ತಿಂಗಳೂ ಸಂಬಳ ಚೀಟಿ ಕೇಳಿ ಪಡೆಯೋಣ. ಸಾಲು ಸಾಲಾಗಿ ಓದೋಣ.
2. ಹತ್ಯಾರ, ಕಚ್ಚಾ ಸಾಮಾನಿನ ದುಡ್ಡು ಸಂಬಳದಲ್ಲಿ ಹಿಡಿಯುವಂತಿಲ್ಲ.
3. ಸಂಬಳದವರಿಗೆ ಹತ್ಯಾರದ ಬೇರೆ ತೆರಿಗೆ ರಿಯಾಯಿತಿ ಇಲ್ಲ. ಎಲ್ಲ ಸೇರಿ ಒಂದೇ ಮೊತ್ತ.
4. ಸ್ವಂತ ಕಸುಬಿನವರು ಬಿಲ್ಲು ಕೂಡಿಡೋಣ, ಲೆಕ್ಕ ಬರೆಯೋಣ.
5. ಕೆಲಸಕ್ಕೆ ಸೇರುವ ದಿನವೇ ಕೇಳೋಣ: “ಹತ್ಯಾರ ಯಾರು ಕೊಡುತ್ತಾರೆ?”

ಮಾಡಿ ನೋಡಿ

ನಿಮ್ಮ ಹೋದ ತಿಂಗಳ ಸಂಬಳ ಚೀಟಿ ತನ್ನಿ. ಏನೇನು ಹಿಡಿದಿದ್ದಾರೆ, ಒಂದೊಂದಾಗಿ ಬರೆಯಿರಿ. ಅರ್ಥ ಆಗದ ಸಾಲಿಗೆ ಗೆರೆ ಎಳೆಯಿರಿ. ಆ ಸಾಲಿನ ಬಗ್ಗೆ ಕೇಳುವ ಎರಡು ಸಾಲಿನ ಪತ್ರ ನೀವೇ ಬರೆಯಿರಿ.