ಮರ್ಚೆಂಟ್ ನೇವಿ ಅಧಿಕಾರಿಗಳ ಸಮವಸ್ತ್ರ

ಮರ್ಚೆಂಟ್ ನೇವಿ ಅಧಿಕಾರಿಗಳ ಸಮವಸ್ತ್ರವು ಸರಕು ಮತ್ತು ಪ್ರಯಾಣಿಕರನ್ನು ಸಾಗಿಸುವ ವಾಣಿಜ್ಯ ಹಡಗುಗಳ ಅಧಿಕಾರಿಗಳು ಧರಿಸುವ ಸಾಂಪ್ರದಾಯಿಕ ಉಡುಪಾಗಿದೆ. ಬಿಳಿಯ ಅಂಗಿ, ಕಪ್ಪು ಷರಾಯಿ, ಭುಜದ ಮೇಲೆ ಚಿನ್ನದ ಬಣ್ಣದ ಪಟ್ಟಿಗಳು ಹಾಗೂ ಮುಂಚಾಚು ಇರುವ ಬಿಳಿಯ ಟೋಪಿ ಇದರ ಮುಖ್ಯ ಲಕ್ಷಣಗಳು. ಪಟ್ಟಿಗಳ ಸಂಖ್ಯೆಯು ಅಧಿಕಾರಿಯ ದರ್ಜೆಯನ್ನೂ, ಅವುಗಳ ನಡುವಿನ ಬಣ್ಣ ಅಥವಾ ಚಿಹ್ನೆಯು ಅವರ ವಿಭಾಗವನ್ನೂ ಸೂಚಿಸುತ್ತವೆ.

ನೋಟದಲ್ಲಿ ಈ ಉಡುಪು ಭಾರತೀಯ ನೌಕಾಪಡೆಯ ಸಮವಸ್ತ್ರವನ್ನು ಹೋಲುತ್ತದೆ. ಆದರೆ ಮರ್ಚೆಂಟ್ ನೇವಿಯು ಸೇನಾಪಡೆಯಲ್ಲ. ಅದು ಸರ್ಕಾರಿ ಮತ್ತು ಖಾಸಗಿ ಹಡಗು ಕಂಪನಿಗಳ ನಾಗರಿಕ ಉದ್ಯೋಗ. ಅಲ್ಲಿ ದರ್ಜೆಯನ್ನು ನೀಡುವುದು ಅರ್ಹತಾ ಪ್ರಮಾಣಪತ್ರವೇ ಹೊರತು ಉಡುಪಲ್ಲ. ಸಮುದ್ರದಿಂದ ದೂರವಿರುವ ವಿಜಯಪುರದಂತಹ ಒಳನಾಡಿನ ಜಿಲ್ಲೆಗಳಲ್ಲಿ ಈ ವ್ಯತ್ಯಾಸವನ್ನು ತಿಳಿದಿರುವುದು ಉದ್ಯೋಗಾಕಾಂಕ್ಷಿಗಳಿಗೆ ವಿಶೇಷವಾಗಿ ಅಗತ್ಯ.

ಇತಿಹಾಸ

ಬ್ರಿಟಿಷ್ ನೌಕಾಪಡೆಯ ಅಧಿಕಾರಿಗಳಿಗೆ 1748ರಲ್ಲಿ ಕಡುನೀಲಿ ಸಮವಸ್ತ್ರವನ್ನು ಗೊತ್ತುಪಡಿಸಲಾಯಿತು. 'ನೇವಿ ಬ್ಲೂ' ಎಂಬ ಬಣ್ಣದ ಹೆಸರು ಬಂದದ್ದು ಇದರಿಂದಲೇ. ವಾಣಿಜ್ಯ ಹಡಗುಗಳಲ್ಲಿ ಆಗ ಇಂತಹ ಏಕರೂಪದ ಉಡುಪು ಇರಲಿಲ್ಲ. ಈಸ್ಟ್ ಇಂಡಿಯಾ ಕಂಪನಿಯು ತನ್ನ ಹಡಗುಗಳ ಅಧಿಕಾರಿಗಳಿಗೆ ಪ್ರತ್ಯೇಕ ಉಡುಪನ್ನು ನಿಗದಿಪಡಿಸಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಉಗಿಹಡಗುಗಳು ಪ್ರಯಾಣಿಕರನ್ನು ಸಾಗಿಸತೊಡಗಿದ ಮೇಲೆ ಪಿ ಅಂಡ್ ಓ, ಕುನಾರ್ಡ್ ಮುಂತಾದ ದೊಡ್ಡ ಕಂಪನಿಗಳು ತಮ್ಮತಮ್ಮದೇ ಸಮವಸ್ತ್ರಗಳನ್ನು ಜಾರಿಗೆ ತಂದವು.

ಮೊದಲನೆಯ ಮಹಾಯುದ್ಧದಲ್ಲಿ ವಾಣಿಜ್ಯ ನಾವಿಕರು ಅಪಾರ ಪ್ರಾಣಹಾನಿಯನ್ನು ಅನುಭವಿಸಿದರು. ಅವರ ಸೇವೆಯನ್ನು ಮನ್ನಿಸಿ 1918ರಲ್ಲಿ ದೊರೆ ಐದನೆಯ ಜಾರ್ಜ್‌ನ ಆಜ್ಞೆಯ ಮೂಲಕ ಬ್ರಿಟಿಷ್ ವಾಣಿಜ್ಯ ಹಡಗುಗಳಿಗೆ ಒಂದು ಪ್ರಮಾಣಿತ ಸಮವಸ್ತ್ರವನ್ನು ಗೊತ್ತುಪಡಿಸಲಾಯಿತು. ಅದನ್ನು ಅನಧಿಕೃತವಾಗಿ ಧರಿಸುವುದನ್ನು ತಡೆಯಲು 1919ರಲ್ಲಿ ಕಾಯಿದೆಯೊಂದು ಬಂತು. 1928ರಲ್ಲಿ ವೇಲ್ಸ್ ರಾಜಕುಮಾರನಿಗೆ ನೀಡಿದ ಬಿರುದಿನಲ್ಲಿ 'ಮರ್ಚೆಂಟ್ ನೇವಿ' ಎಂಬ ಪದವನ್ನು ಬಳಸಲಾಯಿತು. ಅಲ್ಲಿಂದ ಆ ಹೆಸರು ರೂಢಿಯಾಯಿತು.

ಸಮವಸ್ತ್ರವಿದ್ದದ್ದು ಮುಖ್ಯವಾಗಿ ಅಧಿಕಾರಿಗಳಿಗೆ. ಸಾಮಾನ್ಯ ನಾವಿಕರು ದಡದಲ್ಲಿ ನಾಗರಿಕ ಉಡುಪಿನಲ್ಲಿಯೇ ಓಡಾಡುತ್ತಿದ್ದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅವರನ್ನು ಯುದ್ಧಸೇವೆಯಿಂದ ತಪ್ಪಿಸಿಕೊಂಡವರೆಂದು ಜನ ಹೀಗಳೆಯಬಾರದೆಂದು, 'ಎಂ ಎನ್' ಎಂಬ ಅಕ್ಷರಗಳಿದ್ದ ಸಣ್ಣ ಬೆಳ್ಳಿಬಣ್ಣದ ಬಿಲ್ಲೆಯನ್ನು ಬ್ರಿಟನ್ನಿನಲ್ಲಿ ನೀಡಲಾಯಿತು.

ಭಾರತದಲ್ಲಿ

ವಸಾಹತು ಕಾಲದಲ್ಲಿ ಬ್ರಿಟಿಷ್ ಹಡಗುಗಳಲ್ಲಿ ಸಾವಿರಾರು ಭಾರತೀಯರು ದುಡಿಯುತ್ತಿದ್ದರು. ಆದರೆ ಅವರು 'ಲಸ್ಕರ್'ಗಳೆಂಬ ಕೆಳದರ್ಜೆಯ ನಾವಿಕರಾಗಿದ್ದರು. ಚಿನ್ನದ ಪಟ್ಟಿಯ ಅಧಿಕಾರ ಸ್ಥಾನಗಳು ಯುರೋಪಿಯನ್ನರ ಕೈಯಲ್ಲಿದ್ದವು. ಸಿಂಧಿಯಾ ಸ್ಟೀಮ್ ನ್ಯಾವಿಗೇಶನ್ ಕಂಪನಿಯ 'ಎಸ್ ಎಸ್ ಲಾಯಲ್ಟಿ' ಹಡಗು 1919ರ ಏಪ್ರಿಲ್ 5ರಂದು ಮುಂಬೈಯಿಂದ ಲಂಡನ್ನಿಗೆ ಹೊರಟದ್ದು ಸ್ವದೇಶಿ ಹಡಗು ಉದ್ಯಮದ ಮಹತ್ವದ ಹೆಜ್ಜೆಯೆನಿಸಿತು. ಕಂಪನಿಯ ಸ್ಥಾಪಕರಲ್ಲಿ ಒಬ್ಬರಾದ ವಾಲ್‌ಚಂದ್ ಹೀರಾಚಂದ್ ಅವರು 1882ರಲ್ಲಿ ಜನಿಸಿದ್ದು ವಿಜಯಪುರದ ನೆರೆಯ ಸೊಲ್ಲಾಪುರದಲ್ಲಿ. ಏಪ್ರಿಲ್ 5ನ್ನು 1964ರಿಂದ ರಾಷ್ಟ್ರೀಯ ಕಡಲಯಾನ ದಿನವನ್ನಾಗಿ ಆಚರಿಸಲಾಗುತ್ತಿದೆ.

ಹಡಗುಗಳು ಸ್ವದೇಶಿಯಾದರೂ ಅಧಿಕಾರಿಗಳಾಗಲು ಭಾರತೀಯರಿಗೆ ತರಬೇತಿಯ ವ್ಯವಸ್ಥೆ ಬೇಕಿತ್ತು. 1927ರಲ್ಲಿ ಮುಂಬೈಯಲ್ಲಿ 'ಡಫ್ರಿನ್' ಎಂಬ ತರಬೇತಿ ಹಡಗು ಆರಂಭವಾದಾಗ ಆ ಕೊರತೆ ನೀಗತೊಡಗಿತು. ಆದ್ದರಿಂದ ಭಾರತೀಯನ ತೋಳಿನ ಮೇಲೆ ಬಂದ ಚಿನ್ನದ ಪಟ್ಟಿಗೆ ಉಡುಪಿನ ಅಲಂಕಾರಕ್ಕಿಂತ ಹೆಚ್ಚಿನ ಅರ್ಥವಿದೆ. ಡಫ್ರಿನ್‌ನ ಸ್ಥಾನಕ್ಕೆ 1972ರಲ್ಲಿ 'ರಾಜೇಂದ್ರ' ಹಡಗು ಬಂತು. 1993ರಲ್ಲಿ ನವಿ ಮುಂಬೈನ 'ಟಿ ಎಸ್ ಚಾಣಕ್ಯ' ಎಂಬ ದಡದ ಮೇಲಿನ ಸಂಸ್ಥೆ ಆ ಕಾರ್ಯವನ್ನು ವಹಿಸಿಕೊಂಡಿತು. 2008ರಲ್ಲಿ ಸ್ಥಾಪನೆಯಾದ ಭಾರತೀಯ ಕಡಲಯಾನ ವಿಶ್ವವಿದ್ಯಾಲಯವು ಈಗ ಇಂತಹ ಶಿಕ್ಷಣವನ್ನು ನಿರ್ವಹಿಸುತ್ತದೆ.

ಮಹಿಳೆಯರಿಗೂ ಇದೇ ದರ್ಜೆ ಚಿಹ್ನೆಗಳು ಅನ್ವಯಿಸುತ್ತವೆ. ಬಂಗಾಳ ಕೊಲ್ಲಿಯಲ್ಲಿ 2015ರಲ್ಲಿ ಏಳು ಮೀನುಗಾರರನ್ನು ರಕ್ಷಿಸಿದ ಕ್ಯಾಪ್ಟನ್ ರಾಧಿಕಾ ಮೆನನ್ ಅವರಿಗೆ 2016ರಲ್ಲಿ ಅಂತರರಾಷ್ಟ್ರೀಯ ಕಡಲಯಾನ ಸಂಘಟನೆಯ ಶೌರ್ಯ ಪ್ರಶಸ್ತಿ ದೊರೆಯಿತು. ಈ ಗೌರವವನ್ನು ಪಡೆದ ಮೊದಲ ಮಹಿಳೆ ಅವರು.

ದರ್ಜೆ ಚಿಹ್ನೆಗಳು

ಸಣ್ಣಪುಟ್ಟ ವಿವರಗಳು ಕಂಪನಿಯಿಂದ ಕಂಪನಿಗೆ ಬದಲಾಗುತ್ತವೆ. ಸಾಮಾನ್ಯವಾಗಿ ರೂಢಿಯಲ್ಲಿರುವ ಕ್ರಮ ಹೀಗಿದೆ:

• ನಾಲ್ಕು ಪಟ್ಟಿಗಳು: ಮಾಸ್ಟರ್ ಅಂದರೆ ಹಡಗಿನ ಕ್ಯಾಪ್ಟನ್, ಇಂಜಿನ್ ವಿಭಾಗದಲ್ಲಿ ಚೀಫ್ ಇಂಜಿನಿಯರ್.
• ಮೂರು ಪಟ್ಟಿಗಳು: ಚೀಫ್ ಆಫೀಸರ್, ಸೆಕೆಂಡ್ ಇಂಜಿನಿಯರ್.
• ಎರಡು ಪಟ್ಟಿಗಳು: ಸೆಕೆಂಡ್ ಆಫೀಸರ್, ಥರ್ಡ್ ಇಂಜಿನಿಯರ್.
• ಒಂದು ಪಟ್ಟಿ: ಥರ್ಡ್ ಆಫೀಸರ್, ಫೋರ್ತ್ ಇಂಜಿನಿಯರ್.

ಹೆಸರಿನಲ್ಲಿ 'ಸೆಕೆಂಡ್' ಎಂದಿದ್ದರೂ ಡೆಕ್ ಅಧಿಕಾರಿಗೆ ಎರಡು ಪಟ್ಟಿಗಳಿದ್ದರೆ ಇಂಜಿನಿಯರಿಗೆ ಮೂರು ಪಟ್ಟಿಗಳಿರುತ್ತವೆ. ಇಂಜಿನ್ ವಿಭಾಗದಲ್ಲಿ ಸೆಕೆಂಡ್ ಇಂಜಿನಿಯರ್ ಮುಖ್ಯಸ್ಥರ ನಂತರದ ಸ್ಥಾನದಲ್ಲಿರುವುದೇ ಇದಕ್ಕೆ ಕಾರಣ. ತರಬೇತಿಯಲ್ಲಿರುವ ಕೆಡೆಟ್‌ಗಳು ಪೂರ್ಣ ಪಟ್ಟಿಯನ್ನು ಧರಿಸುವುದಿಲ್ಲ.

ನೌಕಾಪಡೆಯ ಅಧಿಕಾರಿಯ ಪಟ್ಟಿಯಲ್ಲಿ ಮೇಲ್ಭಾಗದ ಎಳೆಯು ದುಂಡಾಗಿ ಸುತ್ತಿಕೊಂಡಿರುತ್ತದೆ. ಬ್ರಿಟಿಷ್ ಮಾದರಿಯ ಮರ್ಚೆಂಟ್ ನೇವಿಯ ಡೆಕ್ ಅಧಿಕಾರಿಗಳ ಪಟ್ಟಿಯಲ್ಲಿ ಅದಕ್ಕೆ ಬದಲಾಗಿ ವಜ್ರಾಕೃತಿಯಿರುತ್ತದೆ. ಕೆಲವು ಕಂಪನಿಗಳು ಲಂಗರಿನ ಚಿತ್ರವನ್ನು ಬಳಸುತ್ತವೆ. ಎರಡೂ ಸೇವೆಗಳನ್ನು ಗುರುತಿಸಲು ಮೊದಲು ಗಮನಿಸಬೇಕಾದದ್ದು ಇದನ್ನೇ. ಇಂಜಿನಿಯರುಗಳಿಗೆ ಹಡಗಿನ ಪ್ರೊಪೆಲ್ಲರ್ ಚಿಹ್ನೆಯನ್ನು ನೀಡುವ ಪದ್ಧತಿಯೂ ಇದೆ.

ಬ್ರಿಟಿಷ್ ಸಂಪ್ರದಾಯದಲ್ಲಿ ಚಿನ್ನದ ಪಟ್ಟಿಗಳ ನಡುವಿನ ನೇರಳೆ ಬಣ್ಣವು ಇಂಜಿನಿಯರನ್ನೂ, ಹಸಿರು ವಿದ್ಯುತ್ ಅಧಿಕಾರಿಯನ್ನೂ, ಕೆಂಪು ವೈದ್ಯರನ್ನೂ, ಬಿಳುಪು ಲೆಕ್ಕಪತ್ರ ನೋಡಿಕೊಳ್ಳುವ ಪರ್ಸರ್‌ನನ್ನೂ ಸೂಚಿಸುತ್ತದೆ. 1912ರಲ್ಲಿ ಟೈಟಾನಿಕ್ ಮುಳುಗಿದಾಗ ಅದರ ಇಂಜಿನಿಯರುಗಳೆಲ್ಲರೂ ಪ್ರಾಣ ತೆತ್ತರು. ಅವರ ಗೌರವಾರ್ಥವಾಗಿ ದೊರೆಯು ನೇರಳೆ ಬಣ್ಣವನ್ನು ನೀಡಿದನೆಂಬ ಕಥೆ ಪ್ರಚಾರದಲ್ಲಿದೆ. ಇಂಜಿನಿಯರುಗಳ ಮರಣ ನಿಜವಾದರೂ ಬಣ್ಣದ ಕಥೆ ನಿಜವಲ್ಲ. ಬ್ರಿಟಿಷ್ ನೌಕಾಪಡೆಯ ಇಂಜಿನಿಯರುಗಳು 1860ರ ದಶಕದಿಂದಲೇ ನೇರಳೆ ಬಣ್ಣವನ್ನು ಧರಿಸುತ್ತಿದ್ದರು.

ಉಡುಪಿನ ಭಾಗಗಳು ಮತ್ತು ಧರಿಸುವ ಕ್ರಮ

ಭಾರತದಂತಹ ಉಷ್ಣ ಪ್ರದೇಶದಲ್ಲಿ ಬಿಳಿಯ ಅರ್ಧ ತೋಳಿನ ಅಂಗಿ, ಕಪ್ಪು ಷರಾಯಿ, ಕಪ್ಪು ಕಾಲುಚೀಲ ಹಾಗೂ ಲೇಸು ಕಟ್ಟುವ ಕಪ್ಪು ಬೂಟು ಸಾಮಾನ್ಯ ಉಡುಪು. ಔಪಚಾರಿಕ ಸಂದರ್ಭದಲ್ಲಿ ಪೂರ್ಣ ತೋಳಿನ ಬಿಳಿಯ ಅಂಗಿ, ಕಪ್ಪು ಟೈ ಹಾಗೂ ಎರಡು ಸಾಲು ಗುಂಡಿಗಳ ಕಡುನೀಲಿ ಕೋಟನ್ನು ಧರಿಸುತ್ತಾರೆ. ಕೋಟಿನಲ್ಲಿ ಪಟ್ಟಿಗಳು ತೋಳಿನ ತುದಿಯಲ್ಲಿರುತ್ತವೆ. ಅಂಗಿಯಲ್ಲಿ ಅವು ಭುಜಪಟ್ಟಿಯ ಮೇಲಿರುತ್ತವೆ. ಮುಚ್ಚಿದ ಕೊರಳಿನ ಬಿಳಿಯ ಕೋಟು ಮತ್ತು ಬಿಳಿಯ ಷರಾಯಿಯ ಉಡುಪು ಸಮಾರಂಭಗಳಲ್ಲಿ ಬಳಕೆಯಲ್ಲಿದೆ.

ಭುಜಪಟ್ಟಿಯನ್ನು ಧರಿಸುವಾಗ ಗುಂಡಿಯಿರುವ ತುದಿ ಕೊರಳಿನ ಕಡೆಗೂ, ಪಟ್ಟಿಗಳಿರುವ ತುದಿ ತೋಳಿನ ಕಡೆಗೂ ಇರಬೇಕು. ಟೋಪಿಯನ್ನು ಓರೆಯಾಗಿಸದೆ, ಅದರ ಬಿಲ್ಲೆ ಹಣೆಯ ನಡುವಿಗೆ ಬರುವಂತೆ ಇಡಬೇಕು. ಬ್ರಿಟಿಷ್ ಮಾದರಿಯಲ್ಲಿ ಮಾಸ್ಟರ್‌ನ ಟೋಪಿಯ ಮುಂಚಾಚಿನ ಮೇಲೆ ಓಕ್ ಎಲೆಗಳ ಚಿನ್ನದ ಕಸೂತಿಯಿರುತ್ತದೆ.

ಅಂಗಿಯನ್ನು ಒಗೆಯುವ ಮುನ್ನ ಭುಜಪಟ್ಟಿಗಳನ್ನು ತೆಗೆದಿಡಬೇಕು. ಲೋಹದ ಎಳೆಯ ಕಸೂತಿಯು ತೇವದಿಂದ ಕಪ್ಪಾಗುವುದರಿಂದ ಅದನ್ನು ಒಣ ಬಟ್ಟೆಯಲ್ಲಿ ಸುತ್ತಿಡುವುದು ಒಳ್ಳೆಯದು. ಕೊಳವೆಬಾವಿಯ ಗಡಸು ನೀರಿನಲ್ಲಿ ಒಗೆದ ಬಿಳಿಯ ಬಟ್ಟೆ ಬೇಗ ಮಂಕಾಗುತ್ತದೆ. ಸಾಧ್ಯವಾದಲ್ಲಿ ಮೆದು ನೀರನ್ನು ಬಳಸಬೇಕು.

ಧರಿಸುವ ಸಂದರ್ಭಗಳು

ಇಂದಿನ ಸರಕು ಹಡಗುಗಳಲ್ಲಿ ಸಮವಸ್ತ್ರದ ಬಳಕೆ ಕಡಿಮೆ. ದಿನದ ಕೆಲಸವೆಲ್ಲ ನಡೆಯುವುದು ಮೈಪೂರ್ತಿ ಮುಚ್ಚುವ ಬಾಯ್ಲರ್ ಸೂಟ್, ಸುರಕ್ಷತಾ ಬೂಟು, ಕೈಗವಸು ಹಾಗೂ ಹೆಲ್ಮೆಟ್‌ಗಳಲ್ಲಿ. ಎಣ್ಣೆ, ಬಿಸಿ ಕೊಳವೆ, ತಿರುಗುವ ಯಂತ್ರಗಳ ನಡುವೆ ಟೈ ಅಥವಾ ಸಡಿಲವಾದ ಬಟ್ಟೆಯನ್ನು ಧರಿಸುವುದು ಅಪಾಯಕಾರಿ. ಬಂದರು ಪ್ರವೇಶ, ಅಧಿಕಾರಿಗಳ ತಪಾಸಣೆ, ಅತಿಥಿಗಳ ಭೇಟಿ, ತರಬೇತಿ ಸಂಸ್ಥೆಗಳ ನಿರ್ಗಮನ ಪಥಸಂಚಲನ ಹಾಗೂ ರಾಷ್ಟ್ರೀಯ ಕಡಲಯಾನ ದಿನಗಳಲ್ಲಿ ಸಾಂಪ್ರದಾಯಿಕ ಉಡುಪು ಕಾಣಿಸಿಕೊಳ್ಳುತ್ತದೆ. ಪ್ರಯಾಣಿಕರ ಹಡಗುಗಳಲ್ಲಿ ಮಾತ್ರ ಅದು ನಿತ್ಯದ ಉಡುಪಾಗಿ ಉಳಿದಿದೆ. ಸಂಕಟದ ವೇಳೆ ಯಾರ ಮಾತನ್ನು ಕೇಳಬೇಕೆಂಬುದು ಪ್ರಯಾಣಿಕರಿಗೆ ನೋಡಿದೊಡನೆ ತಿಳಿಯಬೇಕಾಗುತ್ತದೆ.

ವಿಜಯಪುರ ಪ್ರದೇಶದಲ್ಲಿ ಲಭ್ಯತೆ

ಆದಿಲ್‌ಶಾಹಿ ಕಾಲದಲ್ಲಿ ವಿಜಯಪುರದ ಆಳ್ವಿಕೆ ಪಶ್ಚಿಮ ಕರಾವಳಿಯವರೆಗೂ ಹರಡಿತ್ತು. 1510ರಲ್ಲಿ ಪೋರ್ಚುಗೀಸರು ಗೋವಾವನ್ನು ಕಸಿದುಕೊಂಡದ್ದು ಈ ರಾಜ್ಯದಿಂದಲೇ. ಇಂದಿನ ವಿಜಯಪುರ ಜಿಲ್ಲೆಗೆ ಕಡಲತೀರವಿಲ್ಲ. ರಾಜ್ಯದ ಪ್ರಮುಖ ಬಂದರಾದ ನವ ಮಂಗಳೂರು ಬಂದರು ಇಲ್ಲಿಂದ ಬಹುದೂರದಲ್ಲಿದೆ. ಹೀಗಾಗಿ ಬಂದರು ನಗರಗಳಂತೆ ನಾವಿಕರ ಉಡುಪಿಗೆ ಪ್ರತ್ಯೇಕವಾದ ಮಾರುಕಟ್ಟೆ ಇಲ್ಲಿ ಬೆಳೆದಿಲ್ಲ.

ಆದರೂ ಉಡುಪಿನ ಹೆಚ್ಚಿನ ಭಾಗವನ್ನು ಇಲ್ಲಿಯೇ ಹೊಂದಿಸಿಕೊಳ್ಳಬಹುದು. ಬಿಳಿಯ ಅಂಗಿ ಮತ್ತು ಕಪ್ಪು ಷರಾಯಿಗೆ ಬೇಕಾದ ಟೆರಿಕಾಟ್ ಬಟ್ಟೆ ವಿಜಯಪುರ ನಗರದ ಜವಳಿ ಅಂಗಡಿಗಳಲ್ಲಿ ಸಿಗುವಂಥದ್ದೇ. ಹೊಲಿಸುವಾಗ ಭುಜದ ಮೇಲೆ ಪಟ್ಟಿ ಸೇರಿಸುವ ತೆರಪು ಹಾಗೂ ಗುಂಡಿಯನ್ನು ಇಡುವಂತೆ ದರ್ಜಿಗೆ ಮೊದಲೇ ತಿಳಿಸಬೇಕು; ಅಳತೆಗೆ ಒಂದು ಜೊತೆ ಭುಜಪಟ್ಟಿಯನ್ನು ಕೊಡುವುದು ಉತ್ತಮ. ವಿಜಯಪುರದ ಪಶ್ಚಿಮಕ್ಕಿರುವ ತಿಕೋಟಾ ಮತ್ತು ನೈಋತ್ಯಕ್ಕಿರುವ ಬಬಲೇಶ್ವರ ತಾಲ್ಲೂಕು ಕೇಂದ್ರಗಳ ದರ್ಜಿಗಳಿಗೂ ಇದು ಪೊಲೀಸ್ ಅಥವಾ ಎನ್‌ಸಿಸಿ ಅಂಗಿಯಷ್ಟೇ ಪರಿಚಿತವಾದ ಕೆಲಸ. ಎರಡು ಸಾಲು ಗುಂಡಿಗಳ ಕೋಟಿಗೆ ಮಾತ್ರ ನುರಿತ ಕೋಟು ದರ್ಜಿ ಬೇಕು.

ನಗರದಿಂದ ಸುಮಾರು 100 ಕಿಲೋಮೀಟರ್ ದೂರದಲ್ಲಿ, ರೈಲು ಮತ್ತು ಹೆದ್ದಾರಿ ಎರಡರ ಸಂಪರ್ಕವೂ ಇರುವ ಸೊಲ್ಲಾಪುರವು ಸಿದ್ಧ ಸಮವಸ್ತ್ರಗಳ ತಯಾರಿಕೆಗೆ ಹೆಸರಾಗಿದೆ. ಕನ್ನಡ ಮಾತನಾಡುವವರು ಗಣನೀಯ ಸಂಖ್ಯೆಯಲ್ಲಿರುವ ಆ ನಗರದಲ್ಲಿ ವ್ಯವಹಾರವೂ ಸುಲಭ. ಟೋಪಿ, ಬಿಲ್ಲೆ, ಲಂಗರಿನ ಗುಂಡಿ ಮತ್ತು ಭುಜಪಟ್ಟಿಗಳನ್ನು ಮುಂಬೈನಂತಹ ಬಂದರು ನಗರದಿಂದ ಇಲ್ಲವೇ ಅಂತರಜಾಲದ ಮೂಲಕ ತರಿಸಿಕೊಳ್ಳಬೇಕಾಗುತ್ತದೆ.

ಹಣ ತೆರುವ ಮುನ್ನ ತರಬೇತಿ ಸಂಸ್ಥೆಯ ಅಥವಾ ಕಂಪನಿಯ ಉಡುಪಿನ ಪಟ್ಟಿಯನ್ನು ನೋಡುವುದು ಅಗತ್ಯ. ಅನೇಕ ಸಂಸ್ಥೆಗಳು ಸಮವಸ್ತ್ರವನ್ನು ತಾವೇ ಒದಗಿಸುತ್ತವೆ ಅಥವಾ ಬಟ್ಟೆಯ ಬಣ್ಣ ಮತ್ತು ಚಿಹ್ನೆಯನ್ನು ಗೊತ್ತುಪಡಿಸುತ್ತವೆ. ಮೊದಲೇ ಹೊಲಿಸಿದ ಉಡುಪು ಅಲ್ಲಿ ನಿರುಪಯುಕ್ತವಾಗಬಹುದು.

ವಿಜಯಪುರದಲ್ಲಿ 1963ರಲ್ಲಿ ಸ್ಥಾಪನೆಯಾದ ಸೈನಿಕ ಶಾಲೆಯಿದೆ. ಅದರ ಉದ್ದೇಶ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಮೂಲಕ ಸೇನಾಪಡೆಗಳಿಗೆ ಸೇರಲು ವಿದ್ಯಾರ್ಥಿಗಳನ್ನು ಸಿದ್ಧಗೊಳಿಸುವುದು. ಮರ್ಚೆಂಟ್ ನೇವಿಗೆ ಸೇರುವ ದಾರಿ ಬೇರೆ. ಭೌತಶಾಸ್ತ್ರ, ರಸಾಯನಶಾಸ್ತ್ರ ಮತ್ತು ಗಣಿತ ಓದಿ ಪಿಯುಸಿ ಮುಗಿಸಿದವರು ಕಡಲಯಾನ ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆಯನ್ನು ಬರೆಯುತ್ತಾರೆ.

ಕಾನೂನು ಮತ್ತು ದುರುಪಯೋಗ

ಸೈನಿಕ, ನಾವಿಕ ಅಥವಾ ವಾಯುಸೈನಿಕರಲ್ಲದವರು ತಾವು ಹಾಗೆಂದು ನಂಬಿಸಲು ಆ ಪಡೆಗಳ ಉಡುಪನ್ನು ಧರಿಸುವುದು ಭಾರತೀಯ ನ್ಯಾಯ ಸಂಹಿತೆಯ 168ನೆಯ ಕಲಮಿನ ಪ್ರಕಾರ ಅಪರಾಧ. ಈ ಕಲಮು ಭಾರತ ಸರ್ಕಾರದ ಸೇನಾಪಡೆಗಳಿಗೆ ಸಂಬಂಧಿಸಿದ್ದು. ಮರ್ಚೆಂಟ್ ನೇವಿಯ ಉಡುಪನ್ನು ನಾಟಕ ಅಥವಾ ಶಾಲಾ ಕಾರ್ಯಕ್ರಮದಲ್ಲಿ ಧರಿಸುವುದಕ್ಕೆ ಇದು ಅಡ್ಡಿಯಲ್ಲ. ಆದರೆ ಯಾವುದೇ ಉಡುಪಿನ ಸೋಗಿನಲ್ಲಿ ಜನರನ್ನು ನಂಬಿಸಿ ಹಣ ಪಡೆದರೆ ಅದು ವಂಚನೆಯಾಗುತ್ತದೆ.

ಈ ಸಮವಸ್ತ್ರದ ಆಕರ್ಷಣೆಯನ್ನು ನಕಲಿ ನೇಮಕಾತಿ ಮಧ್ಯವರ್ತಿಗಳು ಬಳಸಿಕೊಳ್ಳುವುದುಂಟು. ಜಾಹೀರಾತಿನಲ್ಲಿ ಚಿನ್ನದ ಪಟ್ಟಿಯ ಅಧಿಕಾರಿಯ ಚಿತ್ರವಿರುತ್ತದೆ; ನೀಡುವ ತರಬೇತಿ ಮಾನ್ಯತೆಯಿಲ್ಲದ್ದು ಅಥವಾ ಸಾಮಾನ್ಯ ನಾವಿಕನ ಕೆಲಸಕ್ಕೆ ಸಂಬಂಧಿಸಿದ್ದಾಗಿರುತ್ತದೆ. ಆರು ತಿಂಗಳ ಜನರಲ್ ಪರ್ಪಸ್ ರೇಟಿಂಗ್ ತರಬೇತಿಯು ಮಾನ್ಯತೆ ಪಡೆದಿದ್ದರೂ ಅದರಿಂದ ನೇರವಾಗಿ ಅಧಿಕಾರಿಯ ಹುದ್ದೆ ದೊರೆಯುವುದಿಲ್ಲ.

ನಿಜವಾದ ನಾವಿಕನನ್ನು ಗುರುತಿಸುವ ದಾಖಲೆಗಳು ಬೇರೆಯೇ ಇವೆ. ಇಂಡಾಸ್ ಸಂಖ್ಯೆ, ಸಿಡಿಸಿ ಎಂಬ ನಾವಿಕರ ಸೇವಾ ಪುಸ್ತಕ ಹಾಗೂ ಅಧಿಕಾರಿಗಳ ವಿಷಯದಲ್ಲಿ ಪರೀಕ್ಷೆಯ ಮೂಲಕ ಪಡೆಯುವ ಅರ್ಹತಾ ಪ್ರಮಾಣಪತ್ರ ಇವುಗಳಲ್ಲಿ ಮುಖ್ಯವಾದವು. ನೇಮಕಾತಿ ಸಂಸ್ಥೆಗಳು ಮುಂಬೈನಲ್ಲಿ ಕೇಂದ್ರ ಕಚೇರಿಯಿರುವ ಹಡಗು ಮಹಾನಿರ್ದೇಶನಾಲಯದಿಂದ ಆರ್‌ಪಿಎಸ್‌ಎಲ್ ಎಂಬ ಪರವಾನಗಿ ಪಡೆದಿರಬೇಕು. ಕೆಲಸ ಕೊಡಿಸಿದ್ದಕ್ಕೆ ಇಂತಹ ಸಂಸ್ಥೆಯು ಅಭ್ಯರ್ಥಿಯಿಂದ ಶುಲ್ಕ ಪಡೆಯುವಂತಿಲ್ಲ. ಮಾನ್ಯತೆ ಪಡೆದ ತರಬೇತಿ ಸಂಸ್ಥೆಗಳ ಮತ್ತು ಪರವಾನಗಿ ಹೊಂದಿದ ನೇಮಕಾತಿ ಸಂಸ್ಥೆಗಳ ಪಟ್ಟಿಯನ್ನು ನಿರ್ದೇಶನಾಲಯದ ಜಾಲತಾಣದಲ್ಲಿ ಯಾರು ಬೇಕಾದರೂ ಪರಿಶೀಲಿಸಬಹುದು. ಮಗನ ಅಥವಾ ಮಗಳ ಶುಲ್ಕಕ್ಕಾಗಿ ಹೊಲ ಅಡವಿಡುವ ಕುಟುಂಬಗಳು ಹಣ ಕಟ್ಟುವ ಮೊದಲು ಈ ಪರಿಶೀಲನೆಯನ್ನು ಮಾಡುವುದು ಅತ್ಯಗತ್ಯ.